ಕಡಿವಾಣ ಕೊಳ್ಳುವ ಮೊದಲು ಕುದುರೆಯ ಬಾಯಿ ನೋಡಿ

‘ಡಾಕ್ಟ್ರೇ, ಥರೋಬ್ರೆಡ್, ಆರು ವರ್ಷ. ಎಷ್ಟು ಇಂಚಿನ ಬಿಟ್ ತರಿಸಲಿ?’ ಬೆಂಗಳೂರಿನ ಸುತ್ತಮುತ್ತ ಹೊಸದಾಗಿ ಕುದುರೆ ಕೊಂಡವರು ನನಗೆ ಕಳಿಸುವ ಸಂದೇಶಗಳಲ್ಲಿ ಇಂಥವೇ ಹೆಚ್ಚು. ತಳಿ, ವಯಸ್ಸು, ಎತ್ತರ ಎಲ್ಲ ಬರೆದಿರುತ್ತಾರೆ; ಬಾಯಿಯ ಅಳತೆ ಒಂದು ಬಿಟ್ಟು. ಬಳೆಗಾರ ವಯಸ್ಸು ಕೇಳಿ ಬಳೆ ತೊಡಿಸುತ್ತಾನೆಯೇ? ಕೈ ಹಿಡಿದು ನೋಡುತ್ತಾನೆ. ಕಡಿವಾಣಕ್ಕೂ, ಅಂದರೆ ಕುದುರೆಯ ಬಾಯೊಳಗೆ ಅಡ್ಡ ಕೂರುವ ಲೋಹದ ಬಿಟ್‌ಗೂ ಅಷ್ಟೇ.

ಅಂಗಡಿಯಲ್ಲಿ ಕೇಳಿದರೆ 5 ಇಂಚಿನದ್ದು ಎತ್ತಿ ಕೊಡುತ್ತಾರೆ. ರೇಸ್ ಬಿಟ್ಟು ರೈಡಿಂಗ್ ಶಾಲೆಗೆ ಬಂದ ಥರೋಬ್ರೆಡ್‌ಗಳಲ್ಲಿ ಬಹಳಷ್ಟಕ್ಕೆ ಅದು ಹೊಂದುವುದೂ ನಿಜ. ಎಡವಟ್ಟಾಗುವುದು ಮಾರ್ವಾಡಿ, ಕಾಠಿಯಾವಾಡಿ ಕುದುರೆಗಳಲ್ಲಿ. ಎತ್ತರ ಚೆನ್ನಾಗಿದ್ದರೂ ಇವುಗಳ ಮೂತಿ ಸಪೂರ. ನೆಲಮಂಗಲದ ಕಡೆ ಒಂದು ತೋಟದಲ್ಲಿ ನೋಡಿದ ಮಾರ್ವಾಡಿ ಹೆಣ್ಣು ಕುದುರೆಗೆ 5¼ ಇಂಚಿನ, ನಡುವೆ ಒಂದೇ ಕೀಲಿರುವ ಸ್ನಾಫಲ್ (ಎರಡೂ ತುದಿಯ ಬಳೆಗಳಿಗೆ ಲಗಾಮು ಕಟ್ಟುವ ಬಿಟ್) ಹಾಕಿದ್ದರು. ಬಲಕ್ಕೆ ತಿರುಗಿಸಿದರೆ ಸಾಕು, ಬಾಯಿ ಅಗಲಿಸಿ ತಲೆ ಕೊಡವುತ್ತಿತ್ತು. ‘ಭಾರಿ ಹಠ ಸಾರ್, ಇನ್ನೂ ಖಡಕ್ ಬಿಟ್ ಬೇಕು’ ಎಂದು ಯಜಮಾನರ ಬೇಡಿಕೆ. ತುಟಿ ಎತ್ತಿ ಬೆರಳಾಡಿಸಿದೆ. ಬಲಗಡೆಯ ಒಸಡು ಕಂದಿ, ಮುಟ್ಟಿದರೆ ಕುದುರೆ ಬೆಚ್ಚುತ್ತಿತ್ತು. ಲಗಾಮು ಎಳೆದಾಗಲೆಲ್ಲ ಬಿಟ್ ಒಂದು ಪಕ್ಕಕ್ಕೆ ಜಾರಿ, ನಾಲಿಗೆಯ ನಡುವೆ ಇರಬೇಕಾದ ಕೀಲು ಒಸಡಿನ ಹತ್ತಿರಕ್ಕೆ ಸರಿಯುತ್ತಿತ್ತು. ಎಡಗಡೆಯ ಬಳೆ ಕಟವಾಯಿಯೊಳಕ್ಕೆ ಒತ್ತುತ್ತಿತ್ತು. ಒಸಡು ಮಾಯುವವರೆಗೆ ಸವಾರಿ ನಿಲ್ಲಿಸಿ, ಆಮೇಲೆ 4¾ ಇಂಚಿನ, ಬಳೆ ಅಲುಗಾಡದ ಎಗ್‌ಬಟ್ ಹಾಕಿಸಿದೆವು. ಹಠ ಅಲ್ಲಿಗೆ ಮುಗಿಯಿತು.

ಅಳೆಯುವುದು ಕಷ್ಟದ ಕೆಲಸವೇನಲ್ಲ. ನುಣುಪಾದ ಒಂದು ಮರದ ಕಡ್ಡಿಯನ್ನು ಬಿಟ್ ಕೂರುವ ಜಾಗದಲ್ಲಿ ಅಡ್ಡ ಇಡಿ, ಎರಡೂ ಕಟವಾಯಿಗಳ ಹೊರಗೆ ಒಂದೊಂದು ರಬ್ಬರ್ ಬ್ಯಾಂಡ್ ಸರಿಸಿ, ತೆಗೆದು ಅಳೆಯಿರಿ. ದಾರದಲ್ಲೂ ಅಳೆಯುತ್ತಾರೆ, ಆದರೆ ದಾರ ನಾಲಿಗೆಯ ಮೇಲೆ ಬಾಗಿ ಸುಳ್ಳು ಲೆಕ್ಕ ಕೊಡುತ್ತದೆ. ಎಗ್‌ಬಟ್, ಡಿ-ರಿಂಗ್‌ನಂಥ ಅಲುಗಾಡದ ಬಳೆಯ ಬಿಟ್ ಆದರೆ ತುಟಿಗೆ ತಾಗಿಯೂ ತಾಗದಂತೆ ಕೂರಬೇಕು. ಲೂಸ್ ರಿಂಗ್ ಆದರೆ ಬಳೆ ತಿರುಗುವಾಗ ಚರ್ಮ ಚಿವುಟದಿರಲು ಸ್ವಲ್ಪ ಹೆಚ್ಚು ಸಡಿಲ ಬೇಕು, ಆದರೂ ಒಂದೊಂದು ಪಕ್ಕಕ್ಕೆ ಕಾಲು ಇಂಚು ದಾಟಬಾರದು. ಬಿಟ್ ಅಳೆಯುವಾಗ ಕೀಲನ್ನು ನೇರ ಮಾಡಿ, ಒಂದು ಬಳೆಯ ಒಳಅಂಚಿನಿಂದ ಇನ್ನೊಂದರ ಒಳಅಂಚಿಗೆ ಲೆಕ್ಕ ಹಾಕಿ. ಯುರೋಪಿನ ಮಾಲಿನ ಮೇಲೆ 12.5, 13.5 ಎಂದು ಸೆಂಟಿಮೀಟರ್‌ನಲ್ಲಿ ಬರೆದಿರುತ್ತದೆ. 12.5 ಅನ್ನು ನಮ್ಮಲ್ಲಿ 5 ಇಂಚು ಎಂದೇ ಮಾರುತ್ತಾರೆ. ಸರಿಯಾಗಿ ನೋಡಿದರೆ 5 ಇಂಚು ಎಂದರೆ 12.7.

ಅಗಲ ಕೇಳುವವರು ಸಿಗುತ್ತಾರೆ, ದಪ್ಪ ಕೇಳುವವರು ಅಪರೂಪ. ‘ದಪ್ಪ ಬಿಟ್ ಮೃದು’ ಎಂಬ ಮಾತು ಲಾಯದಿಂದ ಲಾಯಕ್ಕೆ ಹರಡಿಬಿಟ್ಟಿದೆ. ತೆಳ್ಳಗಿನ ಲೋಹ ಒಸಡಿಗೆ ಕೊರೆಯುತ್ತದೆ ಎನ್ನುವ ಅರ್ಧ ಸರಿ. ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗದಲ್ಲಿ ಬಿಟ್ ಕೂರುತ್ತದೆ; ಅಲ್ಲಿ ತೆಳುವಾದ ಒಸಡಿನ ಕೆಳಗೇ ದವಡೆ ಮೂಳೆಯ ಚೂಪು ಅಂಚಿದೆ. ಆದರೆ ಬಾಯಿ ಮುಚ್ಚಿದಾಗ ಒಳಗಿನ ಜಾಗವನ್ನೆಲ್ಲ ನಾಲಿಗೆಯೇ ತುಂಬಿಕೊಂಡಿರುತ್ತದೆ. 20 ಮಿಲಿಮೀಟರ್ ದಪ್ಪದ ಸರಳು ತುರುಕಿದರೆ ಅದು ನಾಲಿಗೆ ಮತ್ತು ಅಂಗುಳವನ್ನು ಒತ್ತದೆ ಇನ್ನೆಲ್ಲಿಗೆ ಹೋದೀತು? ಫಿನ್‌ಲೆಂಡ್‌ನಲ್ಲಿ ಕ್ರಾಸ್‌ಕಂಟ್ರಿ ಓಟ ಮುಗಿಸಿದ ಕುದುರೆಗಳ ಬಾಯಿ ಪರೀಕ್ಷಿಸಿದ ಪಶುವೈದ್ಯರಿಗೆ 10–13 ಮಿಲಿಮೀಟರ್‌ನ ತೆಳು ಬಿಟ್‌ಗಳಲ್ಲೂ 18–22ರ ದಪ್ಪ ಬಿಟ್‌ಗಳಲ್ಲೂ ಗಾಯ ಹೆಚ್ಚು ಕಂಡಿತು. ಕಡಿಮೆ ಇದ್ದದ್ದು 14–17ರಲ್ಲಿ. ನಾನೂ ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ಸಪೂರ ಮೂತಿಗೆ, ದಪ್ಪ ನಾಲಿಗೆಗೆ 14ರ ಕಡೆಗೆ.

ಬಾಯಲ್ಲಿ ಬಿಟ್ ಎಷ್ಟು ಮೇಲೆ ಕೂರಬೇಕು ಎನ್ನುವ ವಿಚಾರದಲ್ಲಿ, ಕಟವಾಯಲ್ಲಿ ಒಂದೆರಡು ಸುಕ್ಕು ಬೀಳಲಿ ಎನ್ನುವ ಹಳೇ ಲೆಕ್ಕ ಆರಂಭಕ್ಕೆ ಸಾಕು, ಅಂತಿಮ ತೀರ್ಮಾನಕ್ಕೆ ಸಾಲದು. ತುಟಿ ಎತ್ತಿ ಒಳಗೆ ನೋಡಿ. ಗಂಡು ಕುದುರೆಗೆ ನಾಲ್ಕೈದು ವರ್ಷಕ್ಕೆ ಕೋರೆಹಲ್ಲು ಬರುತ್ತದೆ, ಬಿಟ್ ಇಳಿದರೆ ಅದಕ್ಕೆ ಬಡಿಯುತ್ತದೆ. ಹೆಚ್ಚು ಮೇಲೆ ಕಟ್ಟಿದರೆ ಮೊದಲ ದವಡೆಹಲ್ಲಿಗೆ ತಾಗುತ್ತದೆ. ಅದರ ಮುಂದೆ ವುಲ್ಫ್ ಟೂತ್ ಎನ್ನುವ ಪುಟಾಣಿ ಹಲ್ಲು ಇದ್ದರಂತೂ ನೋವಾಗುವ ಸಂಭವವಿದೆ. ಎರಡೂವರೆ ವರ್ಷದ ಹೊತ್ತಿಗೆ ಮೊದಲ ದವಡೆಹಲ್ಲು ಉದುರಿ ಹೊಸದು ಬರುತ್ತದೆ. ಥರೋಬ್ರೆಡ್‌ಗಳು ಓಡಲು ಶುರು ಮಾಡುವುದೂ ಹೆಚ್ಚುಕಡಿಮೆ ಆ ವಯಸ್ಸಿನಲ್ಲೇ, ಅಂದರೆ ಹಲ್ಲು ಬದಲಾಗುತ್ತಿರುವ ಬಾಯಿಗೇ ಬಿಟ್ ಬೀಳುತ್ತದೆ. ರೇಸ್‌ನಿಂದ ಬಂದ ಕುದುರೆಯ ಒಸಡಿನ ಮೇಲೆ ಬೆರಳಾಡಿಸಿದರೆ ಮೂಳೆ ಗಂಟುಕಟ್ಟಿದ್ದು ಕೆಲವೊಮ್ಮೆ ಕೈಗೆ ಸಿಗುತ್ತದೆ. ಅಂಥ ಬಾಯಿಗೆ ಯಾವ ಅಳತೆಯ ಬಿಟ್ ಹಾಕುವ ಮೊದಲೂ ದಂತ ಪರೀಕ್ಷೆ ಆಗಲೇಬೇಕು.

ಮೆರವಣಿಗೆ ಮತ್ತು ಗಾಡಿ ಕುದುರೆಗಳಿಗೆ ಮುಳ್ಳಿನ ಕಡಿವಾಣ ಈಗಲೂ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಸರಿಯಾದ ಅಳತೆ ಎಂಬುದೇ ಇಲ್ಲ. ಗಾಡಿ ಎಳೆಯುವ ಹಾಗೂ ಹೊರೆ ಹೊರುವ ಪ್ರಾಣಿಗಳ ಬಗ್ಗೆ 1965ರಲ್ಲಿ ಬಂದ ಕೇಂದ್ರದ ನಿಯಮಗಳೇ ಅದನ್ನು ನಿಷೇಧಿಸಿವೆ.

ಹಳೆಯ ಬಿಟ್ ಕೈಗೆ ಬಂದರೆ ಅಳತೆ ನೋಡಿದ ಮೇಲೆ ಉಗುರಿನಿಂದಲೂ ಸವರಿ ನೋಡಿ. ಲೂಸ್ ರಿಂಗ್‌ನಲ್ಲಿ ಬಳೆ ತಿರುಗುವ ತೂತು ಸವೆದು ಅಂಚು ಹರಿತವಾಗಿರುತ್ತದೆ, ಕೀಲಿನ ಕೊಂಡಿಗಳೂ ಹಾಗೆಯೇ. ಉಗುರು ಸಿಕ್ಕಿಕೊಂಡರೆ ಆ ಬಿಟ್ ಗುಜರಿಗೆ. ಹೊಸದು ಹಾಕಿದ ಮೊದಲ ಕೆಲವು ವಾರ, ಬಿಟ್ ಹಿಡಿದಿಡುವ ತಲೆಪಟ್ಟಿಯನ್ನು (ಬ್ರೈಡಲ್) ಬಿಚ್ಚಿದಾಗಲೆಲ್ಲ ಕುದುರೆ ನೋಡಿಕೊಳ್ಳುವ ಆಳು ಎರಡೂ ಕಟವಾಯಿಗಳನ್ನು ಒರೆಸಿ ನೋಡಲಿ. ಒಂದೇ ಪಕ್ಕ ಕೂದಲು ಸವೆದಿದ್ದರೆ ಬಿಟ್‌ನ ಅಗಲದ ಜತೆಗೆ ಸವಾರನ ಕೈಯನ್ನೂ ಪರೀಕ್ಷಿಸಬೇಕು.