ಕಾರ್ಖಾನೆ ನಿರೀಕ್ಷಕ: ಯಾರು, ಏನು ನೋಡುತ್ತಾರೆ, ಆಗಲು ಏನು ಓದಿರಬೇಕು

ಹಾಸನ, ಚಿಕ್ಕಮಗಳೂರು ಕಡೆಯ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಕಾಫಿಯ ಹೊಟ್ಟು ಬಿಡಿಸಿ ಬೀಜ ವಿಂಗಡಿಸುವ ಕಾರ್ಖಾನೆಯಲ್ಲಿ, 'ಇನ್ಸ್‌ಪೆಕ್ಟರ್ ಬಂದಿದ್ದಾರೆ' ಎಂದು ಯಾರಾದರೂ ಕೂಗಿದರೆ, ಯಾವ ಇನ್ಸ್‌ಪೆಕ್ಟರ್ ಎಂದು ಕೇಳಲೇಬೇಕಾಗುತ್ತದೆ. ಕೂಲಿ ಪಟ್ಟಿ ಕೇಳುವವರು ಕಾರ್ಮಿಕ ಇಲಾಖೆಯವರು. ಟ್ರಾನ್ಸ್‌ಫಾರ್ಮರ್, ಅರ್ಥಿಂಗ್ ನೋಡುವವರು ವಿದ್ಯುತ್ ಪರಿವೀಕ್ಷಣಾಲಯದವರು. ತೂಕದ ಯಂತ್ರಕ್ಕೆ ಮುದ್ರೆ ಹಾಕುವವರು ಕಾನೂನು ಮಾಪನಶಾಸ್ತ್ರ ಇಲಾಖೆಯವರು. ಕೆಲಸಗಾರರ ಕೈ, ಕಣ್ಣು, ಉಸಿರು, ಜೀವ ಉಳಿಯುವಂತೆ ಯಂತ್ರ ಮತ್ತು ಕಟ್ಟಡ ಇವೆಯೇ ಎಂದು ಸರ್ಕಾರದ ಪರವಾಗಿ ನೋಡುವವರು ಕಾರ್ಖಾನೆ ನಿರೀಕ್ಷಕರು. ರಾಜ್ಯದಲ್ಲಿ ಅವರು ಸೇರಿರುವುದು ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ.

ಇನ್ನೊಂದು ಗೊಂದಲವೂ ಸಾಮಾನ್ಯ. ದೊಡ್ಡ ಗಾರ್ಮೆಂಟ್ಸ್ ಘಟಕದಲ್ಲಿ ಹೆಲ್ಮೆಟ್ ಹಾಕಿಕೊಂಡು ಓಡಾಡುವ 'ಸೇಫ್ಟಿ ಆಫೀಸರ್' ಸರ್ಕಾರಿ ಅಧಿಕಾರಿಯಲ್ಲ, ಕಂಪನಿಯ ಸಂಬಳದವರು. ಕ್ರೇನ್, ಲಿಫ್ಟ್ ಪರೀಕ್ಷಿಸಿ ವರದಿ ಬರೆಯುವವರು ಇಲಾಖೆಯ ಮಾನ್ಯತೆ ಪಡೆದ 'ಸಕ್ಷಮ ವ್ಯಕ್ತಿ' ಎಂಬ ಖಾಸಗಿ ಎಂಜಿನಿಯರ್. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಲಿಫ್ಟ್‌ಗೆ 6 ತಿಂಗಳಿಗೊಮ್ಮೆ, ಕ್ರೇನ್, ಸರಪಳಿ, ಹಗ್ಗಗಳಿಗೆ 12 ತಿಂಗಳಿಗೊಮ್ಮೆ ಈ ಪರೀಕ್ಷೆ ಆಗಬೇಕಿತ್ತು. ನಿರೀಕ್ಷಕರು ಆ ವರದಿಯನ್ನು ಓದುತ್ತಾರೆ, ಆಮೇಲೆ ಕ್ರೇನಿನ ಕೊಕ್ಕೆಯ ಹತ್ತಿರ ಹೋಗಿ ವರದಿಗೂ ಕೊಕ್ಕೆಗೂ ತಾಳೆಯಾಗುತ್ತದೆಯೇ ಎಂದು ನೋಡುತ್ತಾರೆ. ಈ ಎರಡನೆಯದೇ ನಿಜವಾದ ಕೆಲಸ.

ಯಾವ ಜಾಗ 'ಕಾರ್ಖಾನೆ' ಎಂಬುದು ತಲೆ ಎಣಿಕೆಯ ಮೇಲೆ ತೀರ್ಮಾನವಾಗುತ್ತದೆ. 1948ರ ಕಾಯ್ದೆಯಲ್ಲಿ ವಿದ್ಯುತ್ ಬಳಸಿ ತಯಾರಿಕೆ ನಡೆಯುತ್ತಿದ್ದರೆ 10 ಜನ, ವಿದ್ಯುತ್ ಇಲ್ಲದಿದ್ದರೆ 20 ಜನ ಸಾಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದು ಆ ಕಾಯ್ದೆಯ ಜಾಗ ಹಿಡಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಅದನ್ನು 20 ಮತ್ತು 40ಕ್ಕೆ ಏರಿಸಿದೆ. ಹುದ್ದೆಯ ಹೆಸರನ್ನೂ 'ಇನ್ಸ್‌ಪೆಕ್ಟರ್-ಕಮ್-ಫೆಸಿಲಿಟೇಟರ್' ಎಂದು ಬದಲಿಸಿದೆ. ಹೊಸ ಸಂಹಿತೆಗೆ ವಿರುದ್ಧವಾಗದಷ್ಟು ಮಟ್ಟಿಗೆ ಹಳೆಯ ನಿಯಮಗಳು ಮುಂದುವರಿಯುತ್ತವೆ, ಹಾಗಾಗಿ 1969ರ ಕರ್ನಾಟಕ ಕಾರ್ಖಾನೆ ನಿಯಮಗಳನ್ನು ಕಪಾಟಿಗೆ ಸೇರಿಸುವ ಕಾಲ ಬಂದಿಲ್ಲ. ಎಣಿಕೆ ದುಪ್ಪಟ್ಟಾದದ್ದರಿಂದ ಹದಿನೈದು ಜನರ ಸಣ್ಣ ಅಕ್ಕಿ ಗಿರಣಿ, ಕೊಬ್ಬರಿ ಘಟಕಗಳು 'ಕಾರ್ಖಾನೆ' ಎಂಬ ವ್ಯಾಖ್ಯೆಯಿಂದ ಹೊರಗೆ ಉಳಿಯುತ್ತವೆ. ಬೆಲ್ಟು ಮಾತ್ರ ಅಲ್ಲಿಯೂ ಅಷ್ಟೇ ವೇಗದಲ್ಲಿ ಸುತ್ತುತ್ತದೆ.

ಕಾಫಿ ತೋಟವೇ ಬೇರೆ ವಿಚಾರ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಅದು ಇನ್ನೊಂದು ಲೆಕ್ಕ. ತೋಟದೊಳಗೆ ಕಾರ್ಖಾನೆ ಎನಿಸುವ ಘಟಕವಿದ್ದರೆ ಆ ಭಾಗ ಮಾತ್ರ ಕಾರ್ಖಾನೆ ಕಾನೂನಿಗೆ ಬರುತ್ತಿತ್ತು.

ಕಾರ್ಖಾನೆ ಶುರುವಾಗುವ ಮೊದಲೇ ನಿರೀಕ್ಷಕರ ಕೆಲಸ ಶುರುವಾಗುತ್ತದೆ. ಕಟ್ಟಡದ ನಕ್ಷೆ, ಯಂತ್ರಗಳ ಜೋಡಣೆಯ ನಕ್ಷೆ ಇಲಾಖೆಗೆ ಹೋಗಬೇಕು. ಯಂತ್ರಗಳ ನಡುವೆ ಓಡಾಡಲು ದಾರಿ, ಬೆಂಕಿ ಬಿದ್ದಾಗ ಹೊರಬರುವ ಬಾಗಿಲು, ಗಾಳಿ ಬೆಳಕು, ಶೌಚಾಲಯ ಎಲ್ಲವನ್ನೂ ಆಗಲೇ ನೋಡಲಾಗುತ್ತದೆ. ಕಟ್ಟಿದ ಮೇಲೆ ಕಟ್ಟಡ ಗಟ್ಟಿಯಾಗಿದೆ ಎಂಬ ಪ್ರಮಾಣಪತ್ರ, ಆಮೇಲೆ ಪರವಾನಗಿ. ಪರವಾನಗಿಯ ಶುಲ್ಕ ಒಟ್ಟು ಅಶ್ವಶಕ್ತಿ ಮತ್ತು ಗರಿಷ್ಠ ಕೆಲಸಗಾರರ ಸಂಖ್ಯೆಯ ಮೇಲೆ ನಿಲ್ಲುತ್ತದೆ. ಇಲ್ಲಿ ಆಗುವ ಮಾಮೂಲಿ ಎಡವಟ್ಟು ಎಂದರೆ, ಮೂರು ವರ್ಷದ ನಂತರ ಬೀಜವನ್ನು ಗಾತ್ರದಂತೆ ಬೇರ್ಪಡಿಸುವ ಎರಡು ಹೊಸ ಗ್ರೇಡರ್ ಯಂತ್ರ ತಂದು ಖಾಲಿ ಇದ್ದ ದಾರಿಯಲ್ಲೇ ಕೂರಿಸಿ, ನಕ್ಷೆಯನ್ನು ಹಾಗೇ ಬಿಡುವುದು.

ಕೈಯಿಂದ ಬೀಜ ಆರಿಸುವ ಗಾರ್ಬ್ಲಿಂಗ್ ಹಾಲ್‌ಗೆ 1948ರ ಕಾಯ್ದೆಯ ಲೆಕ್ಕ ಹೀಗೆ. ಒಬ್ಬರಿಗೆ 14.2 ಘನ ಮೀಟರ್ ಜಾಗ ಇರಬೇಕು, ನೆಲದಿಂದ 4.2 ಮೀಟರ್‌ಗಿಂತ ಮೇಲಿನ ಗಾಳಿ ಲೆಕ್ಕಕ್ಕಿಲ್ಲ. 20 ಮೀಟರ್ ಉದ್ದ, 10 ಮೀಟರ್ ಅಗಲ, 5 ಮೀಟರ್ ಎತ್ತರದ ಹಾಲ್ ಆದರೆ 20 × 10 × 4.2 = 840 ಘನ ಮೀಟರ್, ಅಂದರೆ 59 ಜನ. ಸೀಸನ್ನಿನಲ್ಲಿ ಬೀಜ ಆರಿಸಲು ಅದೇ ಹಾಲ್‌ನಲ್ಲಿ ಎಂಬತ್ತು ಹೆಂಗಸರನ್ನು ಕೂರಿಸಿದರೆ ತಪ್ಪು. ಕುಡಿಯುವ ನೀರು ಶೌಚಾಲಯದಿಂದ 6 ಮೀಟರ್ ದೂರ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ 150 ಜನಕ್ಕೊಂದು. ಶಿಶುವಿಹಾರಕ್ಕೆ ಹಳೆಯ ಕಾಯ್ದೆಯಲ್ಲಿ 30ಕ್ಕಿಂತ ಹೆಚ್ಚು ಹೆಂಗಸರು ಎಂಬ ಮಿತಿ ಇತ್ತು. ಸಂಹಿತೆಯಲ್ಲಿ ಅದು ಒಟ್ಟು 50ಕ್ಕಿಂತ ಹೆಚ್ಚು ಕೆಲಸಗಾರರು ಎಂದಾಗಿದೆ. ಇವೆಲ್ಲ ಟೇಪು ಹಿಡಿದರೆ, ತಲೆ ಎಣಿಸಿದರೆ ಮುಗಿಯುವ ಕೆಲಸ.

ಯಂತ್ರದ ಹತ್ತಿರ ಅಷ್ಟು ಸುಲಭವಿಲ್ಲ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ದು) ಅಥವಾ ಚೆರ್ರಿ (ಹಣ್ಣನ್ನು ಇಡಿಯಾಗಿ ಒಣಗಿಸಿದ್ದು) ಕಾಫಿ ಮೊದಲು ಕಲ್ಲು ಕಸ ತೆಗೆಯುವ ಯಂತ್ರಕ್ಕೆ, ಅಲ್ಲಿಂದ ಹೊಟ್ಟು ಬಿಡಿಸುವ ಹಲ್ಲರ್‌ಗೆ, ಆಮೇಲೆ ಗ್ರೇಡರ್, ತೂಕದಂತೆ ಬೇರ್ಪಡಿಸುವ ಗ್ರಾವಿಟಿ ಸೆಪರೇಟರ್, ಬಣ್ಣ ನೋಡಿ ಆರಿಸುವ ಕಲರ್ ಸಾರ್ಟರ್‌ಗಳಿಗೆ ಸಾಗುತ್ತದೆ. ನಡುನಡುವೆ ಬೀಜವನ್ನು ಮೇಲಕ್ಕೆತ್ತಲು ಬಕೆಟ್ ಎಲಿವೇಟರ್‌ಗಳು. ಯಂತ್ರ ತನ್ನ ಪಾಡಿಗೆ ಓಡುತ್ತಿರುವಾಗ ಅದರ ಒಳಗೆ ಕೈ ಹಾಕಲು ಯಾರಿಗೂ ಕಾರಣವಿರುವುದಿಲ್ಲ. ಕಾರಣ ಹುಟ್ಟುವುದು ಅದು ಕಟ್ಟಿಕೊಂಡಾಗ. ಗೋಣಿ ದಾರವೋ ಕಡ್ಡಿಯೋ ಸಿಕ್ಕಿಕೊಂಡು ಎಲಿವೇಟರ್‌ನ ಬುಡ ತುಂಬಿಬಿಡುತ್ತದೆ, ಒಬ್ಬ ಗುಂಡಿಗಿಳಿದು ಮುಚ್ಚಳ ತೆಗೆದು ಕೈಯಿಂದ ಬೀಜ ಎಳೆಯುತ್ತಾನೆ, ಸ್ವಿಚ್ ಇರುವುದು ಮೇಲಿನ ಅಂತಸ್ತಿನಲ್ಲಿ. ಅಲ್ಲಿರುವವನಿಗೆ ಕೆಳಗೆ ಯಾರಿದ್ದಾರೆಂದು ಕಾಣುವುದಿಲ್ಲ.

ಆದ್ದರಿಂದ ಅನುಭವಿ ನಿರೀಕ್ಷಕರು ಸುತ್ತುವ ಭಾಗವನ್ನು ಮುಚ್ಚುವ ಗಾರ್ಡ್ ಇದೆಯೇ ಎಂದು ನೋಡಿ ಸುಮ್ಮನಾಗುವುದಿಲ್ಲ, ಅದರ ಬೋಲ್ಟುಗಳನ್ನು ನೋಡುತ್ತಾರೆ. ನಾಲ್ಕು ಬೋಲ್ಟಿನ ಜಾಗದಲ್ಲಿ ಒಂದು ತಂತಿ ಸುತ್ತಿದ್ದರೆ ಆ ಗಾರ್ಡನ್ನು ದಿನವೂ ತೆಗೆಯುತ್ತಿದ್ದಾರೆ ಎಂದರ್ಥ. ಜಾಲರಿಯ ಕಿಂಡಿಯಲ್ಲಿ ಬೆರಳು ತೂರಿದರೆ ಬೆಲ್ಟು ಪುಲ್ಲಿಯನ್ನು ಸೇರುವ ಸಂದಿಗೆ ಮುಟ್ಟುತ್ತದೆಯೇ, ಸುತ್ತುವ ಶಾಫ್ಟಿನ ಮೇಲೆ ಪುಲ್ಲಿಯನ್ನು ಬಿಗಿಯುವ ಸೆಟ್ ಸ್ಕ್ರೂ ಚಾಚಿಕೊಂಡಿದೆಯೇ, ಸೆರಗು ಜಡೆ ಸಿಗುವಷ್ಟು ಹತ್ತಿರದಲ್ಲಿ ಹೆಂಗಸರು ಗುಡಿಸುತ್ತಾರೆಯೇ, ಎಲ್ಲವೂ ಅವರ ಕಣ್ಣಿಗೆ ಬೀಳಬೇಕು. ಕರೆಂಟ್ ತೆಗೆದ ಮೇಲೂ ಹಲ್ಲರ್‌ನ ಭಾರದ ಡ್ರಮ್ ಕೆಲಹೊತ್ತು ಸುತ್ತುತ್ತಲೇ ಇರುತ್ತದೆ, ಸ್ವಿಚ್ ಆರಿದ್ದನ್ನೇ ನಂಬಿ ಮುಚ್ಚಳ ತೆಗೆಯುವಂತಿಲ್ಲ. ಸರಿಯಾದ ಕ್ರಮ ಹೀಗೆ: ವಿದ್ಯುತ್ತನ್ನು ಪೂರ್ತಿ ಕಡಿಯುವ ಮೇನ್ ಐಸೊಲೇಟರ್ ಇಳಿಸಿ, ಅದಕ್ಕೆ ರಿಪೇರಿ ಮಾಡುವವನೇ ಬೀಗ ಹಾಕಿ, ಕೀಲಿ ತನ್ನ ಜೇಬಿನಲ್ಲಿಟ್ಟುಕೊಂಡು, ಒಮ್ಮೆ ಸ್ಟಾರ್ಟ್ ಬಟನ್ ಒತ್ತಿ ಯಂತ್ರ ಏಳುವುದಿಲ್ಲ ಎಂದು ಖಚಿತಪಡಿಸಿಕೊಂಡು, ಚಲನೆ ಪೂರ್ತಿ ನಿಂತ ಮೇಲೆ ಒಳಗೆ ಕೈ.

ಮಲೆನಾಡಿನಲ್ಲಿ ಇದಕ್ಕೊಂದು ಸ್ಥಳೀಯ ತೊಡಕು ಸೇರುತ್ತದೆ: ಕರೆಂಟ್ ಹೋಗಿ ಬರುವುದು. ಮೋಟಾರಿನ ಸ್ಟಾರ್ಟರ್‌ನೊಳಗೆ ಒಂದು ಕಾಯಿಲ್ ಇರುತ್ತದೆ, ವಿದ್ಯುತ್ ಹೋದೊಡನೆ ಅದು ಸಂಪರ್ಕ ಬಿಟ್ಟುಬಿಡುತ್ತದೆ, ಮತ್ತೆ ಯಾರಾದರೂ ಬಟನ್ ಒತ್ತುವವರೆಗೆ ಯಂತ್ರ ಏಳದು. ಪದೇಪದೇ ಒತ್ತಲು ಬೇಸರವೆಂದು ಬಟನ್ನಿಗೆ ಕಡ್ಡಿ ಸಿಕ್ಕಿಸಿಟ್ಟರೆ, ಕರೆಂಟ್ ಬಂದ ಕ್ಷಣವೇ ಯಂತ್ರ ತಾನಾಗಿ ಎದ್ದುಬಿಡುತ್ತದೆ. ಕರೆಂಟ್ ಇಲ್ಲದ ಹೊತ್ತೇ ಎಲ್ಲರೂ ಕಟ್ಟಿಕೊಂಡದ್ದನ್ನು ಬಿಡಿಸಲು ಇಳಿದಿರುತ್ತಾರೆ. ಪರಿಶೀಲನೆಗೆ ಬಂದವರು ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ಒಂದು ನಿಮಿಷ ಹೆಚ್ಚು ನಿಂತರೆ ಮೇಸ್ತ್ರಿ ಬೇಸರ ಮಾಡಿಕೊಳ್ಳಬಾರದು.

ಗೋದಾಮಿನಲ್ಲಿ ನೋಡುವುದು ಚೀಲದ ಅಟ್ಟಿಯನ್ನು. ಸಾಲು ಬಿಟ್ಟು ಸಾಲಿಗೆ ಅಡ್ಡ ಹಾಕಿ ಬೆಸೆದಿಲ್ಲದ ಅಟ್ಟಿಯಿಂದ ಹಮಾಲಿಗಳು ಬುಡದ ಚೀಲ ಎಳೆದರೆ ಮೇಲಿನದೆಲ್ಲ ಮೈಮೇಲೆ ಬರುತ್ತದೆ. ಹೊಟ್ಟಿನ ಕೋಣೆಯಲ್ಲಿ ಧೂಳು ಒಣಗಿ ತೊಲೆಗಳ ಮೇಲೆ ಕೂತಿರುತ್ತದೆ, ಅಲ್ಲಿ ವೆಲ್ಡಿಂಗ್ ಕಿಡಿ ಬಿದ್ದರೆ ಬೆಂಕಿ.

ಹಾಲಿನ ಡೇರಿ, ಐಸ್ ಘಟಕಗಳಲ್ಲಿ ತಂಪು ಮಾಡಲು ಅಮೋನಿಯಾ ಇರುತ್ತದೆ. ಅಪಾಯದ ಗಳಿಗೆ ವ್ಯವಸ್ಥೆಯೊಳಗೆ ಶೇಖರವಾದ ಎಣ್ಣೆಯನ್ನು ಹೊರಬಿಡುವುದು: ಎಣ್ಣೆ ಮುಗಿದು ಅನಿಲ ಚಿಮ್ಮಿದಾಗ ಸಾಮಾನ್ಯ ವಾಲ್ವ್ ತಿರುಗಿಸಿ ಮುಚ್ಚುವಷ್ಟು ಸಮಯ ಸಿಗುವುದಿಲ್ಲ. ಕೈಬಿಟ್ಟರೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ವಾಲ್ವ್ ಇರಬೇಕು. ಕುಸುಬಲಕ್ಕಿ ಗಿರಣಿಯ ಬಾಯ್ಲರ್ ಪ್ರತ್ಯೇಕ ಕಾನೂನಿಗೆ ಬರುತ್ತದೆ. 1923ರ ಕಾಯ್ದೆಯ ಜಾಗದಲ್ಲಿ ಈಗ 2025ರ ಬಾಯ್ಲರ್ ಕಾಯ್ದೆ ಇದೆ, ಪ್ರಮಾಣಪತ್ರದ ಅವಧಿ ಸಾಮಾನ್ಯವಾಗಿ 12 ತಿಂಗಳು. ಬಾಯ್ಲರ್ ಕೆಡುವುದು ಹೆಚ್ಚಾಗಿ ನೀರಿನಿಂದ. ಗಡಸು ನೀರಿನ ಸುಣ್ಣದಂಥ ಪದರ ಕೊಳವೆಗೆ ಅಂಟಿ ಲೋಹ ಅತಿಯಾಗಿ ಕಾಯುತ್ತದೆ. ನೀರಿನ ಮಟ್ಟ ಇಳಿದು ಕೊಳವೆ ಕೆಂಪಗಾದ ಮೇಲೆ ಗಾಬರಿಯಲ್ಲಿ ತಣ್ಣೀರು ಬಿಟ್ಟರಂತೂ ಸಿಡಿಯುತ್ತದೆ.

ಇಷ್ಟೆಲ್ಲ ನೋಡಿದರೂ ಸುರಕ್ಷತೆಯ ಹೊಣೆ ನಿರೀಕ್ಷಕರದಲ್ಲ. ಅದು 'ಆಕ್ಯುಪೈಯರ್'ನದು, ಅಂದರೆ ಕಾರ್ಖಾನೆಯ ಮೇಲೆ ಅಂತಿಮ ಹಿಡಿತ ಇರುವವರದು. ಕಂಪನಿಯಾದರೆ ಅದರ ಡೈರೆಕ್ಟರ್‌ಗಳಲ್ಲಿ ಒಬ್ಬರು. 'ಸಾಹೇಬರು ಬಂದು ನೋಡಿದ್ದರು, ಏನೂ ಹೇಳಲಿಲ್ಲ' ಎನ್ನುವುದು ಕೋರ್ಟಿನಲ್ಲಿ ರಕ್ಷಣೆಯಾಗುವುದಿಲ್ಲ.

ನಿರೀಕ್ಷಕರು ಕಾರ್ಖಾನೆಯೊಳಗೆ ಬರಬಹುದು, ಅಳೆಯಬಹುದು, ಫೋಟೊ ತೆಗೆಯಬಹುದು, ದಾಖಲೆ ವಶಕ್ಕೆ ಪಡೆಯಬಹುದು, ಹೇಳಿಕೆ ಬರೆದುಕೊಳ್ಳಬಹುದು. ತನ್ನ ಮೇಲೆಯೇ ಆರೋಪ ಬರುವಂಥ ಉತ್ತರ ಕೊಡು ಎಂದು ಯಾರನ್ನೂ ಒತ್ತಾಯಿಸುವಂತಿಲ್ಲ. ಹೊಸ ವ್ಯವಸ್ಥೆಯಲ್ಲಿ ಯಾವ ಕಾರ್ಖಾನೆಗೆ ಹೋಗಬೇಕೆಂಬುದನ್ನು ಕಂಪ್ಯೂಟರ್ ಯಾದೃಚ್ಛಿಕವಾಗಿ ಆರಿಸುವ ಪದ್ಧತಿಯೂ ಬಂದಿದೆ. ತಾವೇ ಶಿಕ್ಷೆ ಕೊಡುವ ಅಧಿಕಾರ ಅವರಿಗಿಲ್ಲ. ಲಿಖಿತ ಆದೇಶ ಕೊಡುತ್ತಾರೆ, ಪಾಲಿಸದಿದ್ದರೆ ಪ್ರಕರಣ ಹೂಡುತ್ತಾರೆ. ಸಾವು ಸಂಭವಿಸಿದರೆ, ಅಥವಾ ಗಾಯಗೊಂಡವರು 48 ಗಂಟೆ ಕೆಲಸಕ್ಕೆ ಬರಲಾಗದಿದ್ದರೆ ಮಾಲೀಕರು ತಿಳಿಸಬೇಕು ಎಂಬುದು 1948ರ ಕಾಯ್ದೆಯ ಲೆಕ್ಕ. ಸಾವಿನ ಸುದ್ದಿ ತಲುಪಿದ ಒಂದು ತಿಂಗಳೊಳಗೆ ವಿಚಾರಣೆ ನಡೆಯಬೇಕಿತ್ತು. ಕರ್ತವ್ಯ ಲೋಪದಿಂದ ಸಾವಾದರೆ ಸಂಹಿತೆಯಲ್ಲಿ 2 ವರ್ಷದವರೆಗೆ ಜೈಲು, ಅಥವಾ 5 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಆ ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಕುಟುಂಬಕ್ಕೆ ಕೊಡುವಂತೆ ಕೋರ್ಟ್ ಹೇಳಬಹುದು.

ಈ ಹುದ್ದೆಗೆ ಬರಲು ಎಂಜಿನಿಯರಿಂಗ್ ಪದವಿ ಬೇಕು: ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕೆಮಿಕಲ್‌ನಂಥ ಶಾಖೆಗಳು. ನೇಮಕಾತಿ ಕರ್ನಾಟಕ ಲೋಕಸೇವಾ ಆಯೋಗದ ಮೂಲಕ. ಶಾಖೆ, ವಯಸ್ಸು, ಅನುಭವದ ಷರತ್ತುಗಳನ್ನು ಆಯಾ ಅಧಿಸೂಚನೆಯಲ್ಲೇ ಓದಬೇಕು, ಕೋಚಿಂಗ್ ಕೇಂದ್ರದ ಕರಪತ್ರದಲ್ಲಲ್ಲ. ಬಾಯ್ಲರ್ ಕಡೆಗೆ ಮೆಕ್ಯಾನಿಕಲ್ ಅಥವಾ ಅದರ ಹತ್ತಿರದ ಶಾಖೆಯ ಪದವಿಯೊಂದಿಗೆ ಬಾಯ್ಲರ್ ಕೆಲಸದ ಅನುಭವವನ್ನೂ ಕೇಳುತ್ತಾರೆ. ಕಾರ್ಖಾನೆಯಲ್ಲೋ ಅಲ್ಲಿನ ಯಂತ್ರೋಪಕರಣದಲ್ಲೋ ಸ್ವಂತ ಹಿತಾಸಕ್ತಿ ಇರುವವರನ್ನು ನಿರೀಕ್ಷಕರಾಗಿ ನೇಮಿಸುವಂತಿಲ್ಲ ಎಂದು 1948ರ ಕಾಯ್ದೆಯೇ ಹೇಳಿತ್ತು. ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ ಮಾಡಿದವರು ಅದೊಂದರ ಬಲದಿಂದ ಸರ್ಕಾರಿ ನಿರೀಕ್ಷಕರಾಗುವುದಿಲ್ಲ. ಆ ಓದು ಮುಖ್ಯವಾಗಿ ಕಂಪನಿಗಳ ಸೇಫ್ಟಿ ಆಫೀಸರ್ ಹುದ್ದೆಗೆ.

ಕೆಲಸಗಾರರು ದೂರು ಕೊಡುವುದಾದರೆ ಯಂತ್ರದ ಹೆಸರು, ಅದು ಇರುವ ಜಾಗ, ಯಾವ ಪಾಳಿ, ಏನು ತೆಗೆದಿಟ್ಟಿದ್ದಾರೆ ಎಂದು ಬರೆಯಬೇಕು. 'ಸುರಕ್ಷತೆ ಇಲ್ಲ' ಎಂಬ ಒಂದು ಸಾಲಿನಿಂದ ಬಂದವರಿಗೆ ಏನು ಹುಡುಕಬೇಕೆಂದು ತಿಳಿಯುವುದಿಲ್ಲ. ದೂರು ಯಾರಿಂದ ಬಂತೆಂಬುದನ್ನು ನಿರೀಕ್ಷಕರು ಬಹಿರಂಗಪಡಿಸುವಂತಿಲ್ಲ, ದೂರು ಬಂದದ್ದಕ್ಕೇ ಈ ಭೇಟಿ ಎಂದು ಮಾಲೀಕರಿಗೆ ಸುಳಿವು ಕೊಡುವಂತೆಯೂ ಇಲ್ಲ ಎಂಬ ಕಲಂ ಅನ್ನು ಕಾರ್ಖಾನೆ ಕಾಯ್ದೆಗೆ 1987ರಲ್ಲೇ ಸೇರಿಸಲಾಗಿತ್ತು.