ಲೇಔಟಿನ ಅಡಿಯಲ್ಲಿ ಏನಿದೆ? ಮಣ್ಣು ಪರೀಕ್ಷೆ ಬೆಳೆದು ಬಂದ ದಾರಿ

ಇಪ್ಪತ್ತು ಅಂತಸ್ತಿನ ಕಟ್ಟಡ ಕಟ್ಟುವವರು ಮಣ್ಣು ಪರೀಕ್ಷೆ ಮಾಡಿಸದೆ ಪಾಯಕ್ಕೆ ಕೈ ಹಾಕುವುದಿಲ್ಲ. ಅದೇ ಇನ್ನೂರು ಮನೆಗಳ ಲೇಔಟ್ ಆದರೆ ಮಾತೇ ಬೇರೆ. ರಸ್ತೆ ಎಷ್ಟು ಅಗಲ, ಪಾರ್ಕ್ ಎಲ್ಲಿ, ಸೈಟಿನ ಅಳತೆ ಎಷ್ಟು, ಇದೆಲ್ಲ ಮೊದಲೇ ತೀರ್ಮಾನ ಆಗಿರುತ್ತದೆ. ಮಣ್ಣಿನ ವಿಷಯ ಬಂದಾಗ ಮಾತ್ರ 'ಮನೆ ತಾನೇ, ಎಷ್ಟು ಭಾರ ಇರುತ್ತೆ?' ಅನ್ನುವ ಉತ್ತರ ಸಿಗುತ್ತದೆ.

ಒಂದೊಂದು ಮನೆಯೂ ಹಗುರ, ನಿಜ. ಆದರೆ ಲೇಔಟ್ ಮಾಡುವಾಗ ದಿಬ್ಬ ಕಡಿದು ತಗ್ಗಿಗೆ ತುಂಬುತ್ತಾರೆ. ಮರ ತೆಗೆಯುತ್ತಾರೆ. ಮಳೆನೀರು ಹರಿಯುತ್ತಿದ್ದ ಹಳ್ಳ ಮುಚ್ಚಿಹೋಗುತ್ತದೆ. ಆಮೇಲೆ ಇನ್ನೂರು ಮನೆಯವರು ಕೈತೋಟಕ್ಕೆ ನೀರು ಬಿಡುತ್ತಾರೆ, ಇಂಗುಗುಂಡಿಗೆ ಕೊಳಚೆ ಬಿಡುತ್ತಾರೆ. ಮನೆ ಹಗುರ ಇದ್ದರೂ ನೆಲವೇ ಬೇರೆ ಆಗಿಬಿಡುತ್ತದೆ. ಹಾಗಾಗಿ ಒಂದೊಂದು ಸೈಟಿನ ಮಣ್ಣನ್ನು ಬೇರೆ ಬೇರೆಯಾಗಿ ನೋಡಿದರೆ ಸಾಲದು. ನಕ್ಷೆ ಬರೆಯುವ ಮುಂಚೆಯೇ ಇಡೀ ಜಾಗದ ನೆಲ ನೋಡಬೇಕು. ಇಷ್ಟು ಸರಳ ಮಾತು ಇಂಜಿನಿಯರುಗಳ ತಲೆಗೆ ಇಳಿಯುವುದಕ್ಕೆ ಬಹಳ ವರ್ಷ ಹಿಡಿಯಿತು, ಸಾಕಷ್ಟು ಅನಾಹುತಗಳೂ ಬೇಕಾದವು.

ಮೊದಮೊದಲು ಇದ್ದದ್ದು ಒಂದೇ ಸೂತ್ರ: ಗಟ್ಟಿ ಸಿಗುವ ತನಕ ಅಗೆ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಹೇಳಿದ್ದೂ ಇದನ್ನೇ. ಗಟ್ಟಿ ಸಿಗದಿದ್ದರೆ ಸುಟ್ಟು ಕಪ್ಪಾಗಿಸಿದ ಮರದ ಕಂಬಗಳನ್ನು ಒತ್ತೊತ್ತಾಗಿ ನೆಲಕ್ಕೆ ಹೊಡೆಯಿರಿ ಎಂದೂ ಹೇಳಿದ್ದ. ಇವತ್ತಿಗೂ ಮೇಸ್ತ್ರಿಗಳು ಹಾರೆಯಿಂದ ಒಂದೇಟು ಹಾಕಿ, ಸದ್ದು ಕೇಳಿಸಿಕೊಂಡು, 'ಪರವಾಗಿಲ್ಲ, ಗಟ್ಟಿ ಇದೆ' ಅನ್ನುವುದು ಅದೇ ಸೂತ್ರ. ಇದನ್ನು ನೋಡಿ ನಗಬೇಕಾಗಿಲ್ಲ. ಅನುಭವಸ್ಥರ ಕಿವಿ ಬಹಳ ಸಲ ಸರಿಯಾಗೇ ಇರುತ್ತದೆ. ಆದರೆ ಆ ಗಟ್ಟಿ ಪದರದ ಕೆಳಗೆ ಏನಿದೆ ಅನ್ನುವುದನ್ನು ಹಾರೆ ಹೇಳುವುದಿಲ್ಲ.

ಪೀಸಾ ಗೋಪುರದ ಕಥೆ ಎಲ್ಲರಿಗೂ ಗೊತ್ತು. 1173ರಲ್ಲಿ ಶುರುವಾಯಿತು, ಮೂರನೇ ಅಂತಸ್ತಿಗೆ ಬರುವಷ್ಟರಲ್ಲಿ ವಾಲಿತು. ಅದು ಬೀಳದೆ ಉಳಿದದ್ದಕ್ಕೆ ಕಾರಣ ಮಾತ್ರ ಸ್ವಲ್ಪ ತಮಾಷೆಯದು. ಯುದ್ಧಗಳ ಗಲಾಟೆಯಲ್ಲಿ ಕೆಲಸ ಸುಮಾರು ನೂರು ವರ್ಷ ನಿಂತುಹೋಯಿತು. ಅಷ್ಟರಲ್ಲಿ ಅಡಿಯ ಮೆತ್ತನೆ ಜೇಡಿ ಮಣ್ಣು ಭಾರಕ್ಕೆ ನಿಧಾನವಾಗಿ ನೀರು ಬಿಟ್ಟುಕೊಂಡು ಬಿಗಿಯಾಯಿತು. ಒಂದೇ ಸಮನೆ ಕಟ್ಟಿದ್ದರೆ ಗೋಪುರ ಆವತ್ತೇ ಉರುಳಿರುತ್ತಿತ್ತು.

ನನಗೆ ಪೀಸಾಕ್ಕಿಂತ ಜಾಸ್ತಿ ಪಾಠ ಕಾಣುವುದು ಕೆನಡಾದ ಟ್ರಾನ್ಸ್‌ಕೋನಾದಲ್ಲಿ. ವಿನ್ನಿಪೆಗ್ ಪಕ್ಕದ ಈ ಊರಿನಲ್ಲಿ ರೈಲ್ವೆಯವರು ಕಾಂಕ್ರೀಟಿನ ದೊಡ್ಡ ಗೋಧಿ ಕಣಜ ಕಟ್ಟಿದರು. 1913ರ ಸೆಪ್ಟೆಂಬರಿನಲ್ಲಿ ಗೋಧಿ ತುಂಬಲು ಶುರು ಮಾಡಿದರು. ಅಕ್ಟೋಬರ್ 18ರಂದು ಇಡೀ ಕಣಜ ಒಂದೇ ಗಂಟೆಯಲ್ಲಿ ಸುಮಾರು 30 ಸೆಂಟಿಮೀಟರ್ ಕುಸಿಯಿತು. ಆಮೇಲೆ ಒಂದು ಕಡೆಗೆ ವಾಲತೊಡಗಿತು. ಒಂದು ದಿನ ಕಳೆಯುವಷ್ಟರಲ್ಲಿ ವಾಲಿಕೆ ಸುಮಾರು 27 ಡಿಗ್ರಿಗೆ ಬಂದು ನಿಂತಿತು. ವಿಚಿತ್ರ ಏನೆಂದರೆ ಕಾಂಕ್ರೀಟಿಗೆ ಅಂಥ ಪೆಟ್ಟೇನೂ ಬೀಳಲಿಲ್ಲ. ಕಟ್ಟಡ ಗಟ್ಟಿಮುಟ್ಟಾಗಿತ್ತು, ಕೈ ಕೊಟ್ಟದ್ದು ನೆಲ. ಆಮೇಲೆ ಅದನ್ನು ಜ್ಯಾಕ್ ಹಾಕಿ ನೆಟ್ಟಗೆ ಮಾಡಿ ಮತ್ತೆ ಬಳಸಿದರು.

ಹಾಗಂತ ಪರೀಕ್ಷೆ ಮಾಡಿರಲಿಲ್ಲವೇ? ಮಾಡಿದ್ದರು. ಪಾಯದ ಗುಂಡಿಯಲ್ಲಿ ಚಿಕ್ಕ ಹಲಗೆ ಇಟ್ಟು, ಅದರ ಮೇಲೆ ಭಾರ ಹೇರಿ, ಎಷ್ಟು ತಡೆಯುತ್ತದೆ ಎಂದು ನೋಡಿದ್ದರು. ನೆಲ ಚೆನ್ನಾಗಿಯೇ ತಡೆದಿತ್ತು. ತಪ್ಪು ಇದ್ದದ್ದು ಅಳತೆಯಲ್ಲಿ. ನೆಲದ ಮೇಲೆ ಇಟ್ಟ ಭಾರ, ಅದರ ಅಗಲದ ಸುಮಾರು ಎರಡರಷ್ಟು ಆಳದವರೆಗೆ ಗಟ್ಟಿಯಾಗಿ ಒತ್ತುತ್ತದೆ. ಈ ಲೆಕ್ಕದ ಮೂಲ ಸೂತ್ರವನ್ನು ಫ್ರಾನ್ಸಿನ ಗಣಿತಜ್ಞ ಬೂಸಿನೆಸ್ಕ್ 1885ರಲ್ಲೇ ಕೊಟ್ಟಿದ್ದರು. ಮೊಳ ಅಗಲದ ಹಲಗೆ, ನೆಲದ ಮೇಲ್ಭಾಗದ ಒಂದೆರಡು ಮೊಳ ಮಣ್ಣನ್ನಷ್ಟೇ ಒತ್ತಿ ನೋಡುತ್ತದೆ. ಇಪ್ಪತ್ತಕ್ಕೂ ಹೆಚ್ಚು ಮೀಟರ್ ಅಗಲದ ಕಣಜ ಒತ್ತುವುದು ಬಂಡೆಯವರೆಗೆ. 1951ರಲ್ಲಿ ಅದೇ ಜಾಗದಲ್ಲಿ ಬೋರ್ ಹಾಕಿ ನೋಡಿದಾಗ ಗುಟ್ಟು ಹೊರಬಿತ್ತು. ಮೇಲೆ ಬಿಗಿ ಜೇಡಿ, ಕೆಳಗೆ ಅದಕ್ಕಿಂತ ಮೆತ್ತನೆಯದು.

ಆಳಕ್ಕೆ ಇಳಿದು ನೋಡುವ ಉಪಾಯಗಳೂ ಆ ಕಣಜ ಕಟ್ಟಿದ ಕಾಲದ ಆಸುಪಾಸಿನಲ್ಲೇ ಹುಟ್ಟಿದವು. ಅದಕ್ಕೂ ಮುಂಚೆ ಬೋರಿಗೆ ನೀರು ಬಿಟ್ಟು, ಮೇಲೆ ಬಂದ ರಾಡಿ ನೋಡಿ ಮಣ್ಣು ಯಾವುದೆಂದು ಊಹಿಸುತ್ತಿದ್ದರು. ಅಮೆರಿಕದ ಇಂಜಿನಿಯರ್ ಚಾರ್ಲ್ಸ್ ಗೋ 1902ರ ಹೊತ್ತಿಗೆ ಬೋರಿನ ತಳಕ್ಕೆ ಕೊಳವೆ ಹೊಡೆದು, ನೀರಿನಲ್ಲಿ ಕದಡದ ಮಣ್ಣನ್ನೇ ಮೇಲೆ ತೆಗೆಯಲು ಶುರು ಮಾಡಿದರು. ಸ್ವೀಡನ್ನಿನಲ್ಲಿ 1911ರಲ್ಲಿ ಅಟೆರ್‌ಬರಿ ಎಂಬ ರಸಾಯನ ವಿಜ್ಞಾನಿ, ಜೇಡಿ ಮಣ್ಣು ಎಷ್ಟು ನೀರಿಗೆ ಮೆತ್ತಗಾಗುತ್ತದೆ, ಎಷ್ಟು ನೀರಿಗೆ ಹರಿಯುತ್ತದೆ ಎಂದು ಅಳೆಯುವ ವಿಧಾನ ಕೊಟ್ಟರು. ಅದೇ ದೇಶದ ರೈಲ್ವೆ ಹಳಿಗಳು ಮತ್ತೆ ಮತ್ತೆ ಜಾರುತ್ತಿದ್ದವು. 1914ರಲ್ಲಿ ಅದಕ್ಕೆಂದೇ ಒಂದು ಆಯೋಗ ಮಾಡಿದರು. ಆಯೋಗ ಕೆಲಸದಲ್ಲಿರುವಾಗಲೇ, 1918ರ ಅಕ್ಟೋಬರ್ 1ರಂದು, ಯೆಟೋ ಎಂಬಲ್ಲಿ ಹಳಿಯ ಕೆಳಗಿನ ಮಣ್ಣು ಜಾರಿ ರೈಲು ಉರುಳಿ 40ಕ್ಕೂ ಹೆಚ್ಚು ಜನ ಸತ್ತರು.

1925ರಲ್ಲಿ ಆಸ್ಟ್ರಿಯಾದ ಇಂಜಿನಿಯರ್ ಕಾರ್ಲ್ ಟೆರ್ಜಾಗಿ ಇದಕ್ಕೆಲ್ಲ ಒಂದು ಶಾಸ್ತ್ರದ ಚೌಕಟ್ಟು ಹಾಕಿದರು. ಅವರು ಹೇಳಿದ್ದರ ತಿರುಳು ಇಷ್ಟೇ: ಮಣ್ಣಿನ ಕಣಗಳ ನಡುವಿನ ನೀರು ಎಷ್ಟು ಭಾರ ಹೊತ್ತಿದೆ ಎಂದು ತಿಳಿಯದೆ ಮಣ್ಣಿನ ಬಲ ತಿಳಿಯುವುದಿಲ್ಲ. ಮಳೆಗಾಲದಲ್ಲಿ ಒಂದು ನೆಲ, ಬೇಸಿಗೆಯಲ್ಲಿ ಇನ್ನೊಂದು ನೆಲ ಅನಿಸುವುದು ಇದಕ್ಕೇ.

ಇವತ್ತು ಸಾಯಿಲ್ ಟೆಸ್ಟ್ ಅಂದ ತಕ್ಷಣ ಕಣ್ಣಿಗೆ ಬರುವ ಮುಕ್ಕಾಲಿ, ಹಗ್ಗ, ಸುತ್ತಿಗೆಯ ಪರೀಕ್ಷೆ ಆ ಕಾಲದ್ದೇ. ಅದಕ್ಕೊಂದು ಏಕರೂಪ ಬಂದದ್ದು 1920ರ ದಶಕದ ಕೊನೆಯಿಂದ ಈಚೆಗೆ. 63.5 ಕಿಲೋ ತೂಕದ ಸುತ್ತಿಗೆಯನ್ನು ಸುಮಾರು 75 ಸೆಂಟಿಮೀಟರ್ ಎತ್ತರದಿಂದ ಬಿಡುತ್ತಾರೆ. ಬೋರಿನ ತಳದಲ್ಲಿರುವ ಕೊಳವೆ ಇಳಿಯುತ್ತದೆ. ಮೊದಲ 15 ಸೆಂಟಿಮೀಟರಿನ ಏಟುಗಳು ಲೆಕ್ಕಕ್ಕಿಲ್ಲ, ಯಾಕೆಂದರೆ ಅಲ್ಲಿನ ಮಣ್ಣು ಬೋರ್ ಕೊರೆಯುವಾಗಲೇ ಕದಡಿರುತ್ತದೆ. ಮುಂದಿನ 30 ಸೆಂಟಿಮೀಟರಿಗೆ ಬಿದ್ದ ಏಟುಗಳೇ ಎನ್ ಮೌಲ್ಯ. ಮರಳಿನಲ್ಲಿ 10ಕ್ಕಿಂತ ಕಡಿಮೆ ಬಂದರೆ ಸಡಿಲ, 30 ದಾಟಿದರೆ ಬಿಗಿ. ಜೇಡಿಯಲ್ಲಿ 4ಕ್ಕಿಂತ ಕಡಿಮೆ ಅಂದರೆ ಯೋಚನೆ ಮಾಡಬೇಕಾದ ಮೆತ್ತನೆ ಮಣ್ಣು.

ಏಟಿನ ಸಂಖ್ಯೆಗಿಂತ ನನಗೆ ಮುಖ್ಯ ಅನಿಸುವುದು ಆಮೇಲಿನ ಕ್ಷಣ. ಕೊಳವೆ ಮೇಲೆ ಬಂದ ಮೇಲೆ ಅದನ್ನು ಉದ್ದಕ್ಕೆ ಎರಡು ಹೋಳು ಮಾಡಿ ಬಿಚ್ಚುತ್ತಾರೆ. ಒಳಗೆ ಮಣ್ಣು ಪದರ ಪದರವಾಗಿ ಮಲಗಿರುತ್ತದೆ. ಬಣ್ಣ ನೋಡುತ್ತಾರೆ, ಬೆರಳಿಂದ ಒತ್ತುತ್ತಾರೆ, ಮೂಸಿಯೂ ನೋಡುತ್ತಾರೆ. ಕಪ್ಪಗಿದ್ದು ಕೊಳೆತ ವಾಸನೆ ಬಂದರೆ ಅಲ್ಲಿ ಯಾವತ್ತೋ ಜೌಗು ಇದ್ದಿರಬಹುದು. ಮೂರು ಮೀಟರ್ ಆಳದಲ್ಲಿ ಇಟ್ಟಿಗೆ ಚೂರೋ ಪ್ಲಾಸ್ಟಿಕ್ ತುಂಡೋ ಸಿಕ್ಕರೆ ಅದು ತುಂಬಿದ ಮಣ್ಣು, ಬೇರೆ ಸಾಕ್ಷಿ ಬೇಡ. ವರದಿಯಲ್ಲಿ ಎನ್ ಮೌಲ್ಯ ಮಾತ್ರ ಬರೆದು ಇಂಥದ್ದನ್ನು ಬರೆಯದ ಕಂಪನಿಯ ಮಣ್ಣು ಪರೀಕ್ಷೆಯನ್ನು ನಾನಂತೂ ನಂಬುವುದಿಲ್ಲ.

ಇಷ್ಟೆಲ್ಲ ಬೆಳೆದರೂ ಮನೆಗಳ ಮಟ್ಟಿಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈ ಪರೀಕ್ಷೆಗಳೆಲ್ಲ ಸೇತುವೆಗೆ, ಅಣೆಕಟ್ಟಿಗೆ, ಕಾರ್ಖಾನೆಗೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಪರಿಸ್ಥಿತಿ ಬದಲಾಯಿತು. ಬುಲ್ಡೋಜರ್ ಬಂದಿತ್ತು. ಒಂದು ಗುಡ್ಡವನ್ನೇ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಸಾಲುಸಾಲು ಮನೆ ಕಟ್ಟುವುದು ಸುಲಭವಾಯಿತು. ಲಾಸ್ ಏಂಜಲೀಸ್ ಸುತ್ತಲಿನ ಗುಡ್ಡಗಳಲ್ಲಿ ಹೀಗೇ ಆಯಿತು. 1952ರ ಜನವರಿಯ ಮಳೆಗೆ ಗುಡ್ಡದ ಮನೆಗಳು ಕೆಸರಿನಲ್ಲಿ ಹೂತವು. ಅದೇ ವರ್ಷ ನಗರ ಮಣ್ಣು ಕಡಿಯುವುದಕ್ಕೆ, ತುಂಬುವುದಕ್ಕೆ ನಿಯಮ ತಂದಿತು. 1963ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿ ಭೂವಿಜ್ಞಾನಿ ಮತ್ತು ಮಣ್ಣಿನ ಇಂಜಿನಿಯರ್ ಇಬ್ಬರ ಕೆಲಸವನ್ನೂ ಸೇರಿಸಿದರು.

1969ರ ದೊಡ್ಡ ಮಳೆ ಆ ನಿಯಮಗಳಿಗೆ ಪರೀಕ್ಷೆ ಇಟ್ಟಿತು. 1952ಕ್ಕಿಂತ ಮುಂಚಿನ ಗುಡ್ಡದ ಸೈಟುಗಳಲ್ಲಿ ಸುಮಾರು ಶೇ. 10ರಷ್ಟಕ್ಕೆ ಹಾನಿಯಾಗಿತ್ತು. 1952 ಮತ್ತು 1962ರ ನಡುವಿನವುಗಳಲ್ಲಿ ಶೇ. 1.3. 1963ರ ನಂತರದವುಗಳಲ್ಲಿ ಶೇ. 0.15. ಅದೇ ಗುಡ್ಡಗಳು, ಅದೇ ಮಳೆ. ನೆಲ ನೋಡಿ ಕಟ್ಟಿದರೆ ಏನು ಲಾಭ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆ ಉತ್ತರ ನಾನು ಕಂಡಿಲ್ಲ.

ಲಾಸ್ ಏಂಜಲೀಸ್ ಪಕ್ಕದ ಕರಾವಳಿಯ ಪೋರ್ಚುಗೀಸ್ ಬೆಂಡ್ ಎಂಬ ಜಾಗದ ಕಥೆ ಮಾತ್ರ ಬೇಸರದ್ದು. ಅಲ್ಲಿ ಹಳೇ ಭೂಕುಸಿತ ಇದೆ ಎಂದು 1946ರಲ್ಲಿ ಅಚ್ಚಾದ ಭೂವೈಜ್ಞಾನಿಕ ನಕ್ಷೆಯಲ್ಲೇ ಗುರುತು ಮಾಡಿದ್ದರು. ಆದರೂ ಮನೆಗಳು ಎದ್ದವು, ರಸ್ತೆಗೆ ಮಣ್ಣು ಸುರಿದರು. 1956ರಲ್ಲಿ ನೆಲ ಜಾರತೊಡಗಿ ನೂರಕ್ಕೂ ಹೆಚ್ಚು ಮನೆಗಳು ಹೋದವು. ಆ ಜಾರು ಇನ್ನೂ ನಿಂತಿಲ್ಲ. 2024ರಲ್ಲಿ ಅಲ್ಲಿನ ಕೆಲವು ಮನೆಗಳಿಗೆ ಕರೆಂಟನ್ನೇ ಕಡಿದರು.

ಇಂಥದ್ದೇ ಇನ್ನೊಂದು ಕೆನಡಾದ ಸೇಂಟ್ ಜಾನ್ ವಿಯಾನಿ. ಅಲ್ಲಿನ ಜೇಡಿ ಮಣ್ಣು ಸಮುದ್ರದ ತಳದಲ್ಲಿ ಕೂಡಿದ್ದು. ಉಪ್ಪು ಇರುವಷ್ಟು ದಿನ ಕಣಗಳು ಹಿಡಿದುಕೊಂಡಿರುತ್ತವೆ. ಸಿಹಿನೀರು ಸಾವಿರಾರು ವರ್ಷ ಇಳಿದಿಳಿದು ಉಪ್ಪು ತೊಳೆದುಹೋದರೆ, ನೋಡಲು ಗಟ್ಟಿಯಾಗಿದ್ದ ಮಣ್ಣು ಒಮ್ಮೆ ಕದಡಿದ್ದೇ ತಡ ಗಂಜಿಯಂತೆ ಹರಿಯುತ್ತದೆ. ಊರು ಕೂತಿದ್ದದ್ದು ನೂರಾರು ವರ್ಷ ಹಿಂದಿನ ದೊಡ್ಡ ಕುಸಿತದ ಮೇಲೆಯೇ. 1971ರ ಮೇ 4ರ ರಾತ್ರಿ ಸುಮಾರು 40 ಮನೆಗಳನ್ನು ನೆಲ ನುಂಗಿತು, 31 ಜನ ಸತ್ತರು. ಆಮೇಲೆ ಇಡೀ ಊರನ್ನೇ ಖಾಲಿ ಮಾಡಿಸಿದರು.

ಹೀಗೆ ಸುದ್ದಿಯಾಗುವ ಕುಸಿತಗಳಿಗಿಂತ ಸದ್ದಿಲ್ಲದೆ ಹೆಚ್ಚು ಮನೆ ಕೆಡಿಸುವುದು ಉಬ್ಬುವ ಮಣ್ಣು. ನಮ್ಮ ಎರೆ ಮಣ್ಣು ಈ ಜಾತಿಯದೇ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಇಲ್ಲಿ 'ಮನೆ ಹಗುರ' ಅನ್ನುವ ವಾದ ಪೂರ್ತಿ ತಲೆಕೆಳಗಾಗುತ್ತದೆ. ಭಾರದ ಕಟ್ಟಡ ಆ ಉಬ್ಬನ್ನು ಅದುಮಿ ಹಿಡಿಯಬಹುದು. ಹಗುರ ಮನೆಯನ್ನು ಮಣ್ಣೇ ಎತ್ತಿಬಿಡುತ್ತದೆ. ಸುತ್ತಲಿನ ಗೋಡೆ ಒಂದು ರೀತಿ, ನಡುವಿನ ನೆಲ ಇನ್ನೊಂದು ರೀತಿ ಏರಿಳಿದು ಕಿಟಕಿ ಮೂಲೆಯಿಂದ ಓರೆ ಬಿರುಕು ಶುರುವಾಗುತ್ತದೆ. ಬಾಗಿಲು ಮಳೆಗಾಲದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಮನೆಯವರು ಬಡಗಿಯನ್ನು ಕರೆಸುತ್ತಾರೆ. ಅಮೆರಿಕದಲ್ಲಿ ಇಂಥ ಮಣ್ಣಿನಿಂದ ಆಗುವ ವಾರ್ಷಿಕ ನಷ್ಟ ಪ್ರವಾಹ, ಭೂಕಂಪ, ಚಂಡಮಾರುತಗಳದ್ದಕ್ಕಿಂತ ಹೆಚ್ಚು ಎಂದು ಜೋನ್ಸ್ ಮತ್ತು ಹೋಲ್ಟ್ಜ್ ಎಂಬ ಇಂಜಿನಿಯರುಗಳು 1973ರಲ್ಲಿ ಲೆಕ್ಕ ಕೊಟ್ಟರು. ಬ್ರಿಟನ್ನಿನಲ್ಲಿ 1976ರ ಬರಗಾಲಕ್ಕೆ ಜೇಡಿ ಒಣಗಿ ಕುಗ್ಗಿ, ವಿಮಾ ಕಂಪನಿಗಳ ಮುಂದೆ ಬಿರುಕುಬಿಟ್ಟ ಮನೆಗಳವರ ಸಾಲು ನಿಂತಿತು. ಇದಕ್ಕೆ ಪರಿಹಾರ ಇಲ್ಲ ಎಂದಲ್ಲ. ತಳದಲ್ಲಿ ಗುಂಡಗೆ ಉಬ್ಬಿದ ಪೈಲುಗಳನ್ನು (ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬಗಳನ್ನು) ಎರೆ ಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ರೂಪಿಸಿದರು. ಆದರೆ ಮಣ್ಣು ಯಾವುದೆಂದು ಮೊದಲೇ ಗೊತ್ತಿರಬೇಕು, ಅಲ್ವಾ?

ಬಲ ಒಂದೇ ನೋಡಿದರೂ ಸಾಲದು ಎಂದು ಕಲಿಸಿದ್ದು ಅಮೆರಿಕದ ನಯಾಗರಾ ಫಾಲ್ಸ್ ನಗರದ ಲವ್ ಕೆನಾಲ್ ಎಂಬ ಬಡಾವಣೆ. ಹಳೇ ಕಾಲುವೆಯಲ್ಲಿ ಸುಮಾರು 21,000 ಟನ್ ರಾಸಾಯನಿಕ ತ್ಯಾಜ್ಯ ಹೂತು, ಮಣ್ಣು ಮುಚ್ಚಿ, 1953ರಲ್ಲಿ ಒಂದು ಡಾಲರಿಗೆ ಶಾಲಾ ಮಂಡಳಿಗೆ ಮಾರಿದರು. ಶಾಲೆ ಬಂತು, ಸುತ್ತ ಮನೆಗಳೂ ಬಂದವು. 1978ರಲ್ಲಿ ತುರ್ತುಸ್ಥಿತಿ ಘೋಷಿಸಿ ಜನರನ್ನು ಸ್ಥಳಾಂತರಿಸಬೇಕಾಯಿತು. ಆಮೇಲಿನಿಂದ ಜಾಗದ ಹಳೇ ಕಾಗದಪತ್ರ, ಹಳೇ ನಕ್ಷೆ, ವೈಮಾನಿಕ ಚಿತ್ರ ನೋಡುವುದು ಮಣ್ಣು ಪರೀಕ್ಷೆಯ ಮೊದಲ ಮೆಟ್ಟಿಲಾಗಿ ಗಟ್ಟಿಯಾಯಿತು. ಇದಕ್ಕೆ ಒಂದು ಬೋರೂ ಬೇಡ. ಊರಿನ ಹಿರಿಯರನ್ನು 'ಇಲ್ಲಿ ಮುಂಚೆ ಏನಿತ್ತು?' ಎಂದು ಕೇಳುವುದೂ ಇದರಲ್ಲೇ ಸೇರುತ್ತದೆ. ಮುಚ್ಚಿದ ಕೆರೆ, ಕಲ್ಲುಗಣಿ, ಹಾಳುಬಾವಿ, ಕಸದ ಗುಂಡಿ ಎಲ್ಲ ಹೀಗೆ ಹೊರಗೆ ಬರುತ್ತವೆ.

ಕಾಗದದ ಕೆಲಸ ಆದ ಮೇಲೆ ನಡೆದು ನೋಡುವುದು. ಓರೆಯಾದ ಮರ, ನೆಲದ ಉಬ್ಬುತಗ್ಗು, ಒಂದೇ ಕಡೆ ಹಸಿರಾಗಿರುವ ಹುಲ್ಲು. ಆಮೇಲೆ ಜೆಸಿಬಿಯಲ್ಲಿ ಅಲ್ಲಲ್ಲಿ ಗುಂಡಿ, ಬೇಕಾದಲ್ಲಿ ಆಳದ ಬೋರ್. ಅಂತರ್ಜಲವನ್ನು ಒಂದೇ ದಿನ ಅಳೆದು ಬಿಟ್ಟರೆ ಪ್ರಯೋಜನ ಕಡಿಮೆ. ಬೋರಿನಲ್ಲಿ ಪೈಪ್ ಬಿಟ್ಟು ಮಳೆಗಾಲ ಕಳೆಯುವ ತನಕ ನೋಡಬೇಕು. ಇದೆಲ್ಲ ಕೈಯಲ್ಲಿದ್ದರೆ ನಕ್ಷೆ ತಾನಾಗಿಯೇ ಬದಲಾಗುತ್ತದೆ. ತುಂಬಿದ ಮಣ್ಣಿನ ಮೇಲೆ ಪಾರ್ಕ್ ಬರುತ್ತದೆ, ಹಳ್ಳದ ದಾರಿ ಹಳ್ಳವಾಗಿಯೇ ಉಳಿಯುತ್ತದೆ, ಸೈಟುಗಳು ಗಟ್ಟಿ ನೆಲಕ್ಕೆ ಹೋಗುತ್ತವೆ. ಸೈಟು ಗುರುತು ಮಾಡಿ ಮಾರಿದ ಮೇಲೆ ಗೊತ್ತಾದರೆ ಯಾವುದನ್ನೂ ಸರಿಸಲು ಆಗುವುದಿಲ್ಲ. ಖರ್ಚು ಸೈಟು ಕೊಂಡವರ ತಲೆಗೆ.

ಇನ್ನೊಂದು ತೊಡಕು ಇದೆ. ಈ ವರದಿಗಳು ಮಾಡಿಸಿದವರ ಬೀರುವಿನಲ್ಲೇ ಉಳಿದುಬಿಡುತ್ತವೆ. ಪಕ್ಕದ ಜಮೀನಿನವರು ಮತ್ತೆ ಮೊದಲಿಂದ ಬೋರ್ ಹಾಕಿಸುತ್ತಾರೆ, ಇಲ್ಲವೇ ಹಾಕಿಸುವುದೇ ಇಲ್ಲ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 2010 ಮತ್ತು 2011ರ ಭೂಕಂಪಗಳಿಗೆ ನೀರು ತುಂಬಿದ ಸಡಿಲ ಮರಳು ದ್ರವದಂತಾಗಿ ಬಡಾವಣೆಗಳೇ ಹಾಳಾದವು. ಸುಮಾರು 8,000 ಮನೆಗಳ ಜಾಗವನ್ನು ಮತ್ತೆ ಮನೆ ಕಟ್ಟಲು ಲಾಯಕ್ಕಿಲ್ಲ ಎಂದು ಸರ್ಕಾರವೇ ಕೊಂಡುಕೊಳ್ಳಲು ಮುಂದಾಯಿತು. ಉಳಿದ ಕಡೆ ಮನೆ ಕಟ್ಟುವ ಜಾಗವನ್ನು ನೆಲದ ಗುಣ ನೋಡಿ ಮೂರು ವರ್ಗ ಮಾಡಿದರು. ಮೂರನೇ ವರ್ಗದ ನೆಲವಾದರೆ ಆ ಜಾಗಕ್ಕೇ ಪ್ರತ್ಯೇಕ ಪರೀಕ್ಷೆ ಆಗಬೇಕು. ಜೊತೆಗೆ ಬೋರ್ ಮತ್ತು ಕೋನ್ ಪರೀಕ್ಷೆಗಳ (ಚೂಪು ತುದಿಯ ಸರಳನ್ನು ನೆಲಕ್ಕೆ ಒತ್ತಿ ನೋಡುವುದು) ಫಲಿತಾಂಶಗಳನ್ನೆಲ್ಲ ಒಂದೇ ಕಡೆ ಸೇರಿಸಿ, ಬೇರೆ ಇಂಜಿನಿಯರುಗಳೂ ತೆಗೆದು ನೋಡುವ ಹಾಗೆ ಮಾಡಿದರು. ಈಗ ಅಲ್ಲಿ ಹೊಸ ಲೇಔಟಿಗೆ ಕೈ ಹಾಕುವ ಇಂಜಿನಿಯರ್ ಮೊದಲ ಬೋರ್ ಕೊರೆಯುವ ಮುಂಚೆಯೇ ಸುತ್ತಮುತ್ತಲಿನ ನೆಲದೊಳಗೆ ಏನಿದೆ ಎಂದು ನೋಡಿಕೊಳ್ಳಬಹುದು.