ಫ್ಲ್ಯಾಂಜ್ ದೂರ: ಒಂದು ಕ್ಯಾಮೆರಾದ ಲೆನ್ಸು ಇನ್ನೊಂದಕ್ಕೆ ಯಾವಾಗ ಹೊಂದುತ್ತದೆ?

ಹಳೆಯ ಫಿಲಂ ಕಾಲದ ಲೆನ್ಸೊಂದು ಕೈಗೆ ಸಿಕ್ಕರೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಇದು ನನ್ನ ಕ್ಯಾಮೆರಾಕ್ಕೆ ಕೂರುತ್ತಾ?" ಕೇಳುವಾಗ ಕಣ್ಣು ಹೋಗುವುದು ಲೆನ್ಸಿನ ಹಿಂಬದಿಯ ಲೋಹದ ಬಳೆಯ ಕಡೆಗೆ. ತಿರುಪಿನದೋ, ಮೂರು ಕಿವಿಗಳದೋ, ಅಗಲವೋ ಕಿರಿದೋ ಎಂದು ನೋಡುತ್ತೇವೆ. ಆದರೆ ಬಳೆಯ ಆಕಾರ ದೊಡ್ಡ ತೊಡಕಲ್ಲ. ಒಂದು ಕಡೆ ಆ ಕಂಪನಿಯ ಬಳೆ, ಇನ್ನೊಂದು ಕಡೆ ಈ ಕಂಪನಿಯ ಬಳೆ ಇರುವ ಅಡಾಪ್ಟರ್ ಒಂದನ್ನು ಲೇತ್ ಮೇಲೆ ಕಡೆದುಬಿಡಬಹುದು. ಬರೀ ಲೋಹದಿಂದ ಸರಿಪಡಿಸಲಾಗದ ಸಂಗತಿ ಬೇರೆಯೇ ಇದೆ. ಅದರ ಹೆಸರು ಫ್ಲ್ಯಾಂಜ್ ದೂರ.

ಲೆನ್ಸು ಬಂದು ಒರಗುವ ಕ್ಯಾಮೆರಾದ ಲೋಹದ ಮುಖದಿಂದ ಒಳಗಿನ ಫಿಲಂ ಅಥವಾ ಸೆನ್ಸರ್ ವರೆಗಿನ ಅಂತರವೇ ಫ್ಲ್ಯಾಂಜ್ ದೂರ. ಹಲವು ಕ್ಯಾಮೆರಾಗಳ ನೆತ್ತಿಯ ಮೇಲೆ, ಒಂದು ಸಣ್ಣ ವೃತ್ತವನ್ನು ಗೆರೆಯೊಂದು ಸೀಳಿಕೊಂಡು ಹೋದಂಥ ಗುರುತು ಇರುತ್ತದೆ. ಒಳಗೆ ಫಿಲಂ ಅಥವಾ ಸೆನ್ಸರ್ ನಿಂತಿರುವ ಜಾಗವನ್ನು ಆ ಗೆರೆ ಹೇಳುತ್ತದೆ. ಅಲ್ಲಿಂದ ಮೌಂಟಿನ, ಅಂದರೆ ಲೆನ್ಸು ಕೂರುವ ಬಾಯಿಯ, ಮುಖದವರೆಗೆ ಸ್ಕೇಲು ಹಿಡಿದರೆ ನಿಮ್ಮ ಕ್ಯಾಮೆರಾದ ಫ್ಲ್ಯಾಂಜ್ ದೂರ ಹೆಚ್ಚುಕಡಿಮೆ ಕಣ್ಣಿಗೇ ಕಾಣುತ್ತದೆ. ನಿಕಾನ್‌ನ ಎಫ್ ಮೌಂಟಿನಲ್ಲಿ ಅದು 46.5 ಮಿ.ಮೀ. ಒಲಿಂಪಸ್ ಓಎಂನಲ್ಲಿ 46, ತಿರುಪಿನ ಎಂ42ನಲ್ಲಿ 45.46, ಕ್ಯಾನನ್ ಇಎಫ್‌ನಲ್ಲಿ 44, ಅದಕ್ಕೂ ಹಿಂದಿನ ಕ್ಯಾನನ್ ಎಫ್‌ಡಿಯಲ್ಲಿ 42. ಲೈಕಾ ಎಂ ಕ್ಯಾಮೆರಾಗಳಲ್ಲಿ 27.8 ಮಾತ್ರ. ಇಂದಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಇನ್ನೂ ಕಡಿಮೆ: ಕ್ಯಾನನ್ ಆರ್‌ಎಫ್ 20, ಸೋನಿ ಇ 18, ಫ್ಯೂಜಿ ಎಕ್ಸ್ 17.7, ನಿಕಾನ್ ಝಡ್ 16 ಮಿ.ಮೀ.

ಇಷ್ಟೊಂದು ವ್ಯತ್ಯಾಸಕ್ಕೆ ಮುಖ್ಯ ಕಾರಣ ಕನ್ನಡಿ. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿಗೂ ಫಿಲಂಗೂ ನಡುವೆ ಓರೆಯಾಗಿ ನಿಂತ ಕನ್ನಡಿಯೊಂದು ಬೆಳಕನ್ನು ಮೇಲಕ್ಕೆ, ವ್ಯೂಫೈಂಡರಿನತ್ತ ತಿರುಗಿಸುತ್ತದೆ. ಬಟನ್ ಒತ್ತಿದಾಗ ಅದು ಮೇಲಕ್ಕೆ ಎಗರಬೇಕು, ಲೆನ್ಸಿಗೆ ತಾಗಕೂಡದು. ಅಷ್ಟು ಜಾಗ ಬಿಡಬೇಕೆಂದರೆ ನಾಲ್ಕು ಸೆಂಟಿಮೀಟರಿನ ಆಸುಪಾಸು ಬೇಕೇ ಬೇಕು. ಫಿಲಂ ದೊಡ್ಡದಾದರೆ ಕನ್ನಡಿಯೂ ದೊಡ್ಡದು. ಹಾಗಾಗಿ 6×6 ಸೆಂ.ಮೀ. ಚೌಕದ ಹ್ಯಾಸಲ್‌ಬ್ಲಾಡ್‌ನಲ್ಲಿ ಈ ದೂರ ಸುಮಾರು 75 ಮಿ.ಮೀ. ಲೈಕಾ ಎಂನಲ್ಲಿ ಕನ್ನಡಿಯೇ ಇಲ್ಲ, ಮಿರರ್‌ಲೆಸ್‌ನಲ್ಲೂ ಇಲ್ಲ.

ಈ ಅಂತರ ತಪ್ಪಿದರೆ ಏನಾಗುತ್ತದೆ ಎಂಬುದೇ ಇಡೀ ವಿಷಯದ ಹೂರಣ. ಬಹು ದೂರದ ವಸ್ತುವನ್ನು, ಅಂದರೆ ಬೆಟ್ಟವನ್ನೋ ಚಂದ್ರನನ್ನೋ ಫೋಕಸ್ ಮಾಡುವಾಗ ಲೆನ್ಸು ಫಿಲಂಗೆ ಅತ್ಯಂತ ಹತ್ತಿರ ಇರುತ್ತದೆ. ವಸ್ತು ಹತ್ತಿರ ಬಂದಷ್ಟೂ ಲೆನ್ಸು ಫಿಲಂನಿಂದ ದೂರ ಸರಿಯಬೇಕು. ಹಳೆಯ ಮ್ಯಾನ್ಯುಯಲ್ ಲೆನ್ಸುಗಳ ಫೋಕಸ್ ಬಳೆ ತಿರುಗಿಸಿದಾಗ ಮೂತಿ ಮುಂದಕ್ಕೆ ಬರುವುದು ಇದಕ್ಕಾಗಿಯೇ. ಬಳೆಯನ್ನು ಇನ್ಫಿನಿಟಿ ಗುರುತಿಗೆ ತಂದಾಗ ಲೆನ್ಸು ತನ್ನ ಕೊನೆಯ ನಿಲ್ದಾಣ ಮುಟ್ಟಿರುತ್ತದೆ, ಅದಕ್ಕಿಂತ ಹಿಂದೆ ಹೋಗುವುದಿಲ್ಲ. ಆ ನಿಲ್ದಾಣವನ್ನು ತಯಾರಕರು ತಮ್ಮ ಮೌಂಟಿನ ಫ್ಲ್ಯಾಂಜ್ ದೂರಕ್ಕೆ ಸರಿಯಾಗಿ ಹೊಂದಿಸಿಟ್ಟಿರುತ್ತಾರೆ.

ಈಗ ಎಂ42 ಲೆನ್ಸನ್ನು ನಿಕಾನ್ ಎಫ್ ಕ್ಯಾಮೆರಾಕ್ಕೆ ಹಾಕುತ್ತೇವೆ ಎಂದುಕೊಳ್ಳಿ. ಲೆನ್ಸಿಗೆ ಬೇಕಿರುವುದು 45.46 ಮಿ.ಮೀ., ಕ್ಯಾಮೆರಾ ಕೊಡುವುದು 46.5. ಅಡಾಪ್ಟರಿಗೆ ದಪ್ಪವೇ ಇಲ್ಲ ಎಂದು ಲೆಕ್ಕ ಹಿಡಿದರೂ ಲೆನ್ಸು 1.04 ಮಿ.ಮೀ. ಮುಂದೆ ನಿಂತಿತು. ಒಂದು ಮಿಲಿಮೀಟರ್ ತಾನೇ ಎನಿಸುತ್ತದೆ. ಲೆಕ್ಕ ಮಾಡಿ ನೋಡೋಣ. ಲೆನ್ಸು ಇನ್ಫಿನಿಟಿ ಸ್ಥಾನದಿಂದ ಎಷ್ಟು ಮುಂದೆ ಸರಿದಿದೆಯೋ ಅದರಿಂದ ಫೋಕಲ್ ಲೆಂಗ್ತಿನ (50 ಎಂಎಂ, 135 ಎಂಎಂ ಎಂದು ಲೆನ್ಸಿನ ಮೇಲೆ ಬರೆದಿರುವ ಸಂಖ್ಯೆಯ) ವರ್ಗವನ್ನು ಭಾಗಿಸಿದರೆ, ಫೋಕಸ್ ಆಗುವ ದೂರ ಸರಿಸುಮಾರು ಸಿಗುತ್ತದೆ. 50 ಎಂಎಂ ಲೆನ್ಸಿಗೆ 2500ನ್ನು 1.04ರಿಂದ ಭಾಗಿಸಿ: ಸುಮಾರು 2.4 ಮೀಟರ್. ಅಂದರೆ ಆ ಲೆನ್ಸು ಆ ಕ್ಯಾಮೆರಾದ ಮೇಲೆ ಎರಡೂವರೆ ಮೀಟರಿನಾಚೆಗಿನ ಏನನ್ನೂ ಸ್ಪಷ್ಟವಾಗಿ ಹಿಡಿಯಲಾರದು. 28 ಎಂಎಂ ಆದರಂತೂ ಮುಕ್ಕಾಲು ಮೀಟರಿಗೇ ಮುಗಿಯಿತು. 135 ಎಂಎಂ ಹದಿನೇಳೂವರೆ ಮೀಟರಿನವರೆಗೆ ಹೋಗುತ್ತದೆ. ಅಡಾಪ್ಟರಿನ ಸ್ವಂತ ದಪ್ಪವನ್ನೂ ಸೇರಿಸಿದರೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಹೂವು, ಹುಳು ತೆಗೆಯುವವರಿಗೆ ಇದು ತೊಂದರೆಯೇ ಅಲ್ಲ. ಬೇರೆಯವರಿಗೆ ಆ ಜೋಡಿ ಉಪಯೋಗಕ್ಕೆ ಬಾರದು.

ತದ್ವಿರುದ್ಧ ದಿಕ್ಕಿನಲ್ಲಿ ಯಾವ ತಕರಾರೂ ಇಲ್ಲ. ನಿಕಾನ್ ಎಫ್ ಲೆನ್ಸನ್ನು ಕ್ಯಾನನ್ ಇಎಫ್ ಕ್ಯಾಮೆರಾಕ್ಕೆ ಹಾಕಬೇಕಾದರೆ 46.5ರಿಂದ 44 ಕಳೆದು ಬಂದ ಎರಡೂವರೆ ಮಿಲಿಮೀಟರ್ ದಪ್ಪದ ಬಳೆ ಸಾಕು. ಅದೇ ಲೆನ್ಸನ್ನು ಸೋನಿ ಇಗೆ ಹಾಕಲು 28.5 ಮಿ.ಮೀ. ಉದ್ದದ ಟೊಳ್ಳು ಕೊಳವೆ ಬೇಕು. ಒಳಗೆ ಗಾಜಿಲ್ಲ, ಬರೀ ಗಾಳಿ. ಆದ್ದರಿಂದ ನೆನಪಿಡಬೇಕಾದ ನಿಯಮ ಇಷ್ಟೇ: ಲೆನ್ಸಿನ ಸಂಖ್ಯೆ ಕ್ಯಾಮೆರಾದ ಸಂಖ್ಯೆಗಿಂತ ದೊಡ್ಡದಿರಬೇಕು, ಮಿಕ್ಕಿದ್ದನ್ನು ಅಡಾಪ್ಟರ್ ತುಂಬುತ್ತದೆ. 1959ರಿಂದ ನಿಕಾನ್ ಬಿಡದೆ ಉಳಿಸಿಕೊಂಡು ಬಂದ 46.5 ದೊಡ್ಡ ಸಂಖ್ಯೆಯಾದ್ದರಿಂದ ನಿಕಾನ್ ಲೆನ್ಸುಗಳು ಬಹುತೇಕ ಎಲ್ಲರ ಮನೆಗೂ ಹೋಗುತ್ತವೆ. ನಿಕಾನ್ ಎಸ್‌ಎಲ್‌ಆರ್ ಮನೆಗೆ ಮಾತ್ರ ಹೊರಗಿನವರು ಬರುವುದು ಅಪರೂಪ. ಮಿರರ್‌ಲೆಸ್ ಬಂದ ಮೇಲೆ ಹಳೆಯ ಲೆನ್ಸುಗಳಿಗೆ ಹೊಸ ಜೀವ ಬಂದಿದ್ದರ ಹಿಂದಿನ ಗುಟ್ಟೂ ಇದೇ. ಹದಿನಾರು, ಹದಿನೆಂಟು ಎಂಬ ಸಣ್ಣ ಸಂಖ್ಯೆಗಳ ಮುಂದೆ ಇಪ್ಪತ್ತನೆಯ ಶತಮಾನದ ಹೆಚ್ಚುಕಡಿಮೆ ಎಲ್ಲ ಸ್ಟಿಲ್ ಲೆನ್ಸುಗಳ ಸಂಖ್ಯೆಯೂ ದೊಡ್ಡದೇ.

ನಿಯಮಕ್ಕೆ ಒಂದು ಚೆಂದದ ಅಪವಾದವಿದೆ. 16 ಎಂಎಂ ಸಿನಿಮಾ ಕ್ಯಾಮೆರಾಗಳ ಸಿ ಮೌಂಟಿನ ದೂರ 17.526 ಮಿ.ಮೀ. ಸಣ್ಣ ಸೆನ್ಸರಿನ ಮಿರರ್‌ಲೆಸ್ ಬಗೆಯಾದ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾಗಳದ್ದು 19.25. ಲೆಕ್ಕದ ಪ್ರಕಾರ ಹೊಂದಬಾರದು. ಆದರೆ ಸಿ ಮೌಂಟಿನ ತಿರುಪು ಒಂದೇ ಇಂಚು ಅಗಲ. ಕ್ಯಾಮೆರಾದ ಬಾಯಿ ಅದಕ್ಕಿಂತ ದೊಡ್ಡದು. ಹಾಗಾಗಿ ಒಳಕ್ಕೆ ತಗ್ಗಿದ ಬಟ್ಟಲಿನಂಥ ಅಡಾಪ್ಟರ್ ಮಾಡಿ ಲೆನ್ಸನ್ನು ಬಾಯೊಳಗೇ ಇಳಿಸಿಬಿಡುತ್ತಾರೆ. ಪೆಂಟಾಕ್ಸ್ ಕಂಪನಿ 1975ರಲ್ಲಿ ತಿರುಪನ್ನು ಬಿಟ್ಟು ಕೆ ಮೌಂಟಿಗೆ ಹೋದಾಗ ದೂರವನ್ನು ಅದೇ 45.46ರಲ್ಲಿ ಇಟ್ಟಿತು, ಬಾಯೊಳಗೆ ಕೂರುವ ತೆಳ್ಳನೆಯ ಬಳೆಯೊಂದರಿಂದ ಹಳೆಯ ತಿರುಪಿನ ಲೆನ್ಸುಗಳೆಲ್ಲ ಹೊಸ ಕ್ಯಾಮೆರಾದಲ್ಲಿ ನಡೆದವು. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಲೈಕಾದವರ ಮುಂದಾಲೋಚನೆ. ಅವರ ಹಳೆಯ ತಿರುಪಿನ ಮೌಂಟು 28.8 ಮಿ.ಮೀ. 1954ರಲ್ಲಿ ಎಂ ಮೌಂಟು ತಂದಾಗ 27.8 ಮಾಡಿದರು. ಸರಿಯಾಗಿ ಒಂದು ಮಿಲಿಮೀಟರ್ ಕಡಿಮೆ, ಅಡಾಪ್ಟರಿನ ದಪ್ಪಕ್ಕೆಂದೇ. 1930ರ ದಶಕದ ಲೆನ್ಸೊಂದು ಆ ಒಂದು ಮಿಲಿಮೀಟರಿನ ಬಳೆ ತೊಟ್ಟು ಇಂದಿನ ಡಿಜಿಟಲ್ ಲೈಕಾದ ಮೇಲೂ, ರೇಂಜ್‌ಫೈಂಡರ್ (ದೂರ ಅಳೆದು ಫೋಕಸ್ ಮಾಡಿಸುವ ಸಾಧನ) ಸಮೇತ ಕೆಲಸ ಮಾಡುತ್ತದೆ. ಗ್ರಾಹಕರ ಹಳೆಯ ಲೆನ್ಸುಗಳಿಗೆ ತೋರಿಸಬಹುದಾದ ಗೌರವ ಇದು. 1985ರಲ್ಲಿ ಮಿನೋಲ್ಟಾ, 1987ರಲ್ಲಿ ಕ್ಯಾನನ್ ಆಟೋಫೋಕಸ್‌ಗೆ ಹೊರಳಿದಾಗ ದೂರವನ್ನು ಹೆಚ್ಚಿಸಿದವು. ಅವರ ಹಳೆಯ ಲೆನ್ಸುಗಳು ಅವರದೇ ಹೊಸ ಕ್ಯಾಮೆರಾಗಳಿಗೆ ಹೊಂದದೆ ಉಳಿದವು. ತಾಂತ್ರಿಕ ಕಾರಣಗಳು ಇದ್ದವು, ನಿಜ. ಆದರೂ ಎಷ್ಟೋ ಒಳ್ಳೆಯ ಎಫ್‌ಡಿ ಲೆನ್ಸುಗಳು ಮಿರರ್‌ಲೆಸ್ ಬರುವವರೆಗೆ ಕಪಾಟಿನಲ್ಲೇ ಕೂರಬೇಕಾಯಿತು.

ಸಂಖ್ಯೆ ಹೊಂದದಿದ್ದಲ್ಲಿ ಗಾಜು ಇರುವ ಅಡಾಪ್ಟರ್ ಮಾರುತ್ತಾರೆ. ಅದರೊಳಗಿನ ಪುಟ್ಟ ಲೆನ್ಸು ಫೋಕಸ್ ಬಿಂದುವನ್ನು ಹಿಂದಕ್ಕೆ ತಳ್ಳಿ ಇನ್ಫಿನಿಟಿ ಮರಳಿಸುತ್ತದೆ. ಆದರೆ ಅದು ಚಿತ್ರವನ್ನು ಸ್ವಲ್ಪ ಹಿಗ್ಗಿಸುತ್ತದೆ, ಬೆಳಕನ್ನೂ ಕೊಂಚ ತಿನ್ನುತ್ತದೆ. ಅಗ್ಗದವುಗಳಲ್ಲಿ ಅಂಚುಗಳು ಮಸುಕಾಗುತ್ತವೆ. ಒಳ್ಳೆಯ ಲೆನ್ಸೊಂದರ ಹಿಂದೆ ಕಳಪೆ ಗಾಜು ಇಟ್ಟ ಮೇಲೆ ಆ ಲೆನ್ಸನ್ನು ಬಳಸುವ ಉದ್ದೇಶವೇ ಹೋಯಿತು. ನಾನಂತೂ ಯಾರಿಗೂ ಸಲಹೆ ಮಾಡುವುದಿಲ್ಲ. ಫೋಕಲ್ ರೆಡ್ಯೂಸರ್ ಎಂಬುದು ಬೇರೆಯೇ ಜಾತಿ. ದೊಡ್ಡ ಫಾರ್ಮ್ಯಾಟಿನ ಲೆನ್ಸು ಬೀಳಿಸುವ ಚಿತ್ರವನ್ನು ಅದು ಕುಗ್ಗಿಸಿ ಸಣ್ಣ ಸೆನ್ಸರ್ ಮೇಲೆ ಹಿಡಿಸುತ್ತದೆ. 0.71 ಪಟ್ಟು ಕುಗ್ಗಿಸಿದರೆ ಅದೇ ಬೆಳಕು ಅರ್ಧ ಜಾಗದಲ್ಲಿ ಸೇರಿ ಒಂದು ಸ್ಟಾಪ್, ಅಂದರೆ ಎರಡು ಪಟ್ಟು, ಹೆಚ್ಚು ಪ್ರಕಾಶ ಸಿಗುತ್ತದೆ. ಚೆನ್ನಾಗಿ ಮಾಡಿದ್ದಾದರೆ ಹಣಕ್ಕೆ ಮೋಸವಿಲ್ಲ.

ಇಲ್ಲಿಗೆ ಎರಡನೆಯ ಅಳತೆಯ ಮಾತು ಬಂತು: ಬಿಂಬವೃತ್ತ. ಲೆನ್ಸು ಹಿಂದಕ್ಕೆ ಎಸೆಯುವ ಚಿತ್ರ ದುಂಡಗಿರುತ್ತದೆ. ಅದರೊಳಗಿನ ಒಂದು ಆಯತವನ್ನು ಮಾತ್ರ ಫಿಲಂ ಹಿಡಿಯುತ್ತದೆ. 24×36 ಮಿ.ಮೀ.ನ 35 ಎಂಎಂ ಫಿಲಂಗೆ ಆ ವೃತ್ತ ಕನಿಷ್ಠ 43.3 ಮಿ.ಮೀ. ಅಗಲ ಇರಬೇಕು, ಅಂದರೆ ಆಯತದ ಕರ್ಣದಷ್ಟು. 6×6ರ ಫಿಲಂಗೆ ಸುಮಾರು 79, 35 ಎಂಎಂ ಚೌಕಟ್ಟಿಗಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರಿಗೆ 28, ಮೈಕ್ರೋ ಫೋರ್ ಥರ್ಡ್ಸ್‌ಗೆ 21.6 ಸಾಕು. ದೊಡ್ಡ ಫಾರ್ಮ್ಯಾಟಿನ ಲೆನ್ಸು ಸಣ್ಣದಕ್ಕೆ ಧಾರಾಳವಾಗಿ ಸಾಲುತ್ತದೆ. ಸಣ್ಣ ಫಾರ್ಮ್ಯಾಟಿನದನ್ನು ದೊಡ್ಡದಕ್ಕೆ ಹಾಕಿದರೆ ಮೂಲೆಗಳು ಕಪ್ಪಾಗುತ್ತವೆ. ಮೇಲೆ ಹೇಳಿದ ಸಿ ಮೌಂಟ್ ಲೆನ್ಸುಗಳಲ್ಲಿ 16 ಎಂಎಂ ಫಿಲಂಗೆಂದು ಮಾಡಿದ ಹಲವು ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರನ್ನು ಪೂರ್ತಿ ತುಂಬದೆ ಇರುವುದು ಇದಕ್ಕೇ. ಫ್ಲ್ಯಾಂಜ್ ದೂರ ಸರಿಹೋದರೆ ಫೋಕಸ್ ಆಗುತ್ತದೆ. ಬಿಂಬವೃತ್ತ ಸಾಕಾದರೆ ಚೌಕಟ್ಟು ತುಂಬುತ್ತದೆ. ಒಂದು ಸರಿಯಿದ್ದ ಮಾತ್ರಕ್ಕೆ ಇನ್ನೊಂದು ಸರಿಯಿರಬೇಕೆಂದಿಲ್ಲ.

ಈ ಎರಡನ್ನು ಬೆರೆಸಿಕೊಂಡು ಹುಟ್ಟುವ ಇನ್ನೊಂದು ಗೊಂದಲವೂ ಇದೆ. ಮೀಡಿಯಂ ಫಾರ್ಮ್ಯಾಟಿನ (6×6ರಂಥ ದೊಡ್ಡ ಫಿಲಂನ) 80 ಎಂಎಂ ಲೆನ್ಸನ್ನು 35 ಎಂಎಂ ಕ್ಯಾಮೆರಾಕ್ಕೆ ಹಾಕಿದರೆ ಅದು ಎಷ್ಟಾಗುತ್ತದೆ ಎಂದು ಕೇಳುತ್ತಾರೆ. 80 ಎಂಎಂ ಆಗಿಯೇ ಇರುತ್ತದೆ. 35 ಎಂಎಂ ಕ್ಯಾಮೆರಾಕ್ಕೆಂದೇ ಮಾಡಿದ 80 ಎಂಎಂ ಲೆನ್ಸು ಎಷ್ಟು ನೋಟ ಕೊಡುತ್ತದೋ ಇದೂ ಅಷ್ಟೇ ಕೊಡುತ್ತದೆ. 6×6ರಲ್ಲಿ ಅದು ಸಾಧಾರಣ ನೋಟದ ಲೆನ್ಸು, ಇಲ್ಲಿ ಮುಖಚಿತ್ರಕ್ಕೆ ಒಪ್ಪುವ ಸಣ್ಣ ಟೆಲಿ (ದೂರದ್ದನ್ನು ಹತ್ತಿರ ತೋರಿಸುವ ಲೆನ್ಸು). ಬದಲಾದದ್ದು ಚೌಕಟ್ಟಿನ ಗಾತ್ರ. ಇಂಥ ಲೆನ್ಸಿನ ದೊಡ್ಡ ವೃತ್ತದಿಂದ ಒಂದು ಲಾಭವನ್ನೂ ಪಡೆಯಬಹುದು. ಪೆಂಟಾಕಾನ್ ಸಿಕ್ಸ್ ಎಂಬ 6×6 ಕ್ಯಾಮೆರಾಕ್ಕಾಗಿ ಮಾಡಿದ ಝೈಸ್ ಯೆನಾ ಲೆನ್ಸುಗಳ ಫ್ಲ್ಯಾಂಜ್ ದೂರ 74 ಮಿ.ಮೀ. ದಾಟುತ್ತದೆ. ಮಿರರ್‌ಲೆಸ್ ಕ್ಯಾಮೆರಾದ ಮುಂದೆ ಐದು ಸೆಂಟಿಮೀಟರಿಗೂ ಹೆಚ್ಚು ಖಾಲಿ ಜಾಗ ಸಿಕ್ಕಿತು. ಆ ಜಾಗದಲ್ಲಿ ಲೆನ್ಸನ್ನು ಓರೆ ಮಾಡುವ, ಪಕ್ಕಕ್ಕೆ ಸರಿಸುವ ಅಡಾಪ್ಟರ್ ಕೂರಿಸಬಹುದು. ಎತ್ತರದ ಗೋಪುರವನ್ನು ಕ್ಯಾಮೆರಾ ಬಾಗಿಸದೆ, ಕಂಬಗಳು ಒಳಕ್ಕೆ ವಾಲದಂತೆ ತೆಗೆಯಲು ಇದಕ್ಕಿಂತ ಕಡಿಮೆ ಖರ್ಚಿನ ದಾರಿ ನನಗೆ ಗೊತ್ತಿಲ್ಲ.

ಬೆಳಕಿನ ದಾರಿ ಸರಿಯಾದರೂ ಅಪರ್ಚರ್, ಅಂದರೆ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಲೆನ್ಸಿನ ಕಿಂಡಿ, ಕೈಕೊಡಬಹುದು. ಅಪರ್ಚರ್ ಬಳೆ ಇರುವ ಹಳೆಯ ಲೆನ್ಸಾದರೆ ಕೈಯಲ್ಲೇ ತಿರುಗಿಸಿದರಾಯಿತು. ಕ್ಯಾನನ್ ಇಎಫ್ ಲೆನ್ಸುಗಳ ಅಪರ್ಚರ್ ನಡೆಯುವುದು ವಿದ್ಯುತ್ತಿನಿಂದ, ಹಾಗಾಗಿ ಬರೀ ಲೋಹದ ಅಡಾಪ್ಟರಿನಲ್ಲಿ ಅದನ್ನು ಬದಲಿಸಲು ಬರುವುದಿಲ್ಲ. ನಿಕಾನ್ ಜಿ ಲೆನ್ಸುಗಳಲ್ಲಿ ಬಳೆ ಇಲ್ಲ, ಹಿಂದೆ ಒಂದು ಸಣ್ಣ ಸನ್ನೆ ಇದೆ; ಅದನ್ನು ತಳ್ಳುವ ಬಳೆಯಿರುವ ಅಡಾಪ್ಟರನ್ನೇ ಕೇಳಿ ಕೊಳ್ಳಬೇಕು. ಮನೆಯ ಅಟ್ಟದಲ್ಲಿ ಸಿಕ್ಕ ಎಲ್ಲ ಕ್ಯಾಮೆರಾಗಳಿಗೂ ಈ ಮಾತು ಅನ್ವಯಿಸದು: ಅಗ್ಫಾ ಕ್ಲಿಕ್, ಯಾಶಿಕಾ ಎಲೆಕ್ಟ್ರೋ 35ರಂಥವುಗಳ ಲೆನ್ಸು ಕಳಚಿ ಹಾಕುವಂಥದ್ದಲ್ಲ.

ಅಡಾಪ್ಟರ್ ಕೊಳ್ಳುವಾಗ ನೋಡಬೇಕಾದದ್ದು ದಪ್ಪದ ನಿಖರತೆ. ಮೊದಲಿನ ಲೆಕ್ಕವನ್ನೇ ಮತ್ತೆ ಹಾಕಿ: ಅಡಾಪ್ಟರ್ ಕೇವಲ 0.1 ಮಿ.ಮೀ. ದಪ್ಪ ಹೆಚ್ಚಿದ್ದರೆ 20 ಎಂಎಂ ಲೆನ್ಸು ನಾಲ್ಕು ಮೀಟರಿಗೇ ನಿಂತುಬಿಡುತ್ತದೆ, 200 ಎಂಎಂ ಲೆನ್ಸು 400 ಮೀಟರಿನವರೆಗೆ ಹೋಗುತ್ತದೆ. ಟೆಲಿ ಲೆನ್ಸಿನಲ್ಲಿ ಕಾಣದ ದೋಷ ಅಗಲ ನೋಟದ ವೈಡ್‌ನಲ್ಲಿ ಎದ್ದು ಕಾಣುತ್ತದೆ. ಇದೇ ಭಯಕ್ಕೆ ಹಲವು ತಯಾರಕರು ಬೇಕೆಂದೇ ಕೂದಲೆಳೆಯಷ್ಟು ತೆಳ್ಳಗೆ ಮಾಡುತ್ತಾರೆ. ಆಗ ಬಳೆ ಇನ್ಫಿನಿಟಿ ಗುರುತಿಗೆ ಬರುವ ಮೊದಲೇ ಬೆಟ್ಟ ಸ್ಪಷ್ಟವಾಗಿ, ಗುರುತಿನ ಮೇಲೆ ನಿಂತಾಗ ಮಸುಕಾಗುತ್ತದೆ. ಪರದೆ ನೋಡಿ ಫೋಕಸ್ ಮಾಡುವವರಿಗೆ ಇದರಿಂದ ಹೆಚ್ಚು ನಷ್ಟವಿಲ್ಲ. ಲೆನ್ಸಿನ ಮೇಲಿನ ಮೀಟರ್ ಗುರುತು ನೋಡಿ ಬೀದಿಯಲ್ಲಿ ತೆಗೆಯುವವರಿಗೆ ಮಾತ್ರ ಕಷ್ಟ. ಸಿನಿಮಾ ಲೆನ್ಸು ರಿಪೇರಿ ಮಾಡುವವರು ಈ ವ್ಯತ್ಯಾಸವನ್ನು ತೆಳು ಲೋಹದ ಶಿಮ್‌ಗಳನ್ನು ಸೇರಿಸಿ, ತೆಗೆದು ಸರಿಪಡಿಸುತ್ತಾರೆ. ಅಡಾಪ್ಟರ್ ಹೊಸದಾಗಿ ತಂದ ದಿನ ನಿಮ್ಮಲ್ಲಿರುವ ಅತ್ಯಂತ ವೈಡ್ ಲೆನ್ಸನ್ನು ಹಾಕಿ, ಅಪರ್ಚರ್ ಪೂರ್ತಿ ತೆರೆದು, ದೂರದ ಮೊಬೈಲ್ ಟವರ್ ಒಂದಕ್ಕೆ ಹಿಡಿದು ಪರದೆಯಲ್ಲಿ ಹಿಗ್ಗಿಸಿ ನೋಡಿ. ಬಳೆ ಕೊನೆಗೆ ಬಂದು ನಿಂತರೂ ಟವರಿನ ಸರಳುಗಳು ಬಿಡಿಬಿಡಿಯಾಗಿ ಕಾಣದಿದ್ದರೆ ಅಡಾಪ್ಟರ್ ದಪ್ಪವಾಗಿದೆ. ಅಂಗಡಿಗೆ ವಾಪಸ್ ಕೊಡಿ.